ಡೇನಿಯಲ್ ಜಾನ್‌ಸ್ಟನ್‌ನ ಕ್ಯಾಸೆಟ್‌ಗಳು: ಆರು ವರ್ಷ ಕೇಳಿದ ಮೇಲಿನ ವಿಮರ್ಶೆ

ದುಡ್ಡು ಕೊಟ್ಟು ಕೊಂಡ ಸಂಗೀತದಲ್ಲಿ ಇಷ್ಟು ಕೆಟ್ಟದಾಗಿ ರೆಕಾರ್ಡ್ ಆಗಿರುವುದು ನನ್ನ ಹತ್ತಿರ ಬೇರೆ ಯಾವುದೂ ಇಲ್ಲ. ಉದ್ದಕ್ಕೂ ಟೇಪಿನ ಸುಯ್ ಸದ್ದು. ಗುಂಡಿ ಒತ್ತಿದ ಟಕ್. ಕಟ್ಟಿದ ಮೂಗಿನಿಂದ ಬಂದ ಹಾಗಿರುವ ಒಂದು ಸಣ್ಣ ದನಿ. ಆದರೂ ಆರು ವರ್ಷದಿಂದ ಬಿಡದೆ ಕೇಳುತ್ತಿದ್ದೇನೆ. ಅದಕ್ಕೇ ಈ ವಿಮರ್ಶೆ.

ನಾನು ಅಮೆರಿಕದ ಆಸ್ಟಿನ್ ಊರಿಗೆ ಕೆಲಸದ ಮೇಲೆ ಬಂದದ್ದು 2017ರಲ್ಲಿ. ಇಲ್ಲಿನ ಯೂನಿವರ್ಸಿಟಿ ಪಕ್ಕದ ಗ್ವಾಡಲೂಪ್ ರಸ್ತೆಗೆ 21ನೇ ರಸ್ತೆ ಕೂಡುವ ಮೂಲೆಯಲ್ಲಿ ಒಂದು ಗೋಡೆ. ಅದರ ಮೇಲೆ ದೊಡ್ಡ ಕಪ್ಪೆಯ ಚಿತ್ರ. ಕಣ್ಣೆರಡೂ ಬಸವನಹುಳುವಿನ ಹಾಗೆ ಕಡ್ಡಿಯ ತುದಿಯಲ್ಲಿ. ಜೊತೆಗೆ 'ಹಾಯ್, ಹೌ ಆರ್ ಯೂ' ಎಂಬ ಬರಹ. ಎರಡು ವರ್ಷ ಅದನ್ನು ಯಾವುದೋ ಅಂಗಡಿಯ ಜಾಹೀರಾತು ಅಂದುಕೊಂಡೇ ಓಡಾಡಿದೆ. 2019ರ ಸೆಪ್ಟೆಂಬರ್‌ನಲ್ಲಿ ಒಂದು ದಿನ ನೋಡಿದರೆ ಆ ಕಪ್ಪೆಯ ಕೆಳಗೆ ಹೂವಿನ ರಾಶಿ. ಚಿತ್ರ ಬರೆದ ಡೇನಿಯಲ್ ಜಾನ್‌ಸ್ಟನ್ ತೀರಿಕೊಂಡಿದ್ದ. ವಯಸ್ಸು 58. ಆತ ಹಾಡು ಬರೆದು ಹಾಡುತ್ತಿದ್ದವನು ಅಂತ ಗೊತ್ತಾದದ್ದೇ ಅವತ್ತು.

ಆ ಕಪ್ಪೆ ಮೊದಲು ಬಂದದ್ದು 1983ರ ಒಂದು ಕ್ಯಾಸೆಟ್ಟಿನ ಮುಖಪುಟದಲ್ಲಿ. ಗೋಡೆಗೆ ಹತ್ತಿದ್ದು 1993ರಲ್ಲಿ, ಆಗ ಅಲ್ಲಿ ರೆಕಾರ್ಡ್ ಅಂಗಡಿ ಇತ್ತು. 2004ರಲ್ಲಿ ಆ ಜಾಗಕ್ಕೆ ಬಂದ ಹೋಟೆಲಿನವರು ಗೋಡೆ ಒಡೆಯಲು ಹೊರಟಾಗ ಊರಿನವರೇ ಹೋಗಿ ಮಾತಾಡಿ ಉಳಿಸಿಕೊಂಡರು.

ಅವತ್ತು ರಾತ್ರಿಯೇ ಆ್ಯಪ್‌ನಲ್ಲಿ ಹುಡುಕಿ ಎಲ್ಲರೂ ಹೇಳುವ ಆ 'ಹಾಯ್, ಹೌ ಆರ್ ಯೂ' ಕ್ಯಾಸೆಟ್ ಹಾಕಿದೆ. ಹತ್ತು ನಿಮಿಷಕ್ಕೆ ನಿಲ್ಲಿಸಿದೆ. ಇದೇನು ತಮಾಷೆನಾ ಅನ್ನಿಸಿತು. ಹೊಸಬರಿಗೆ ನನ್ನ ಮೊದಲ ಮಾತು ಇದೇ: ಹೆಸರಾದದ್ದು ಅಂತ ಅಲ್ಲಿಂದ ಶುರು ಮಾಡಬೇಡಿ. ಅದು ಡೇನಿಯಲ್ ಮನಸ್ಸು ಕುಸಿಯುತ್ತಿದ್ದ ದಿನಗಳಲ್ಲಿ ಅಕ್ಕನ ಮನೆಯಲ್ಲಿ ಕೂತು ಮಾಡಿದ್ದು. 'ಮುಗಿಯದ ಆಲ್ಬಮ್' ಅಂತ ಆತನೇ ಅದರ ಮೇಲೆ ಬರೆದಿದ್ದಾನೆ. ಮುಗಿಯದ್ದನ್ನು ಮೊದಲು ಕೇಳಿದರೆ ಏನು ಅರ್ಥವಾಗುತ್ತೆ, ಅಲ್ವಾ?

ನನಗೆ ಬಾಗಿಲು ತೆರೆದದ್ದು ಅದೇ 1983ರ ಬೇಸಿಗೆಯಲ್ಲಿ ಮಾಡಿದ 'ಯಿಪ್ ಜಂಪ್ ಮ್ಯೂಸಿಕ್'. ಇದಕ್ಕೆ ಐದಕ್ಕೆ ಐದು. ಹ್ಯೂಸ್ಟನ್‌ನಲ್ಲಿ ಅಣ್ಣನ ಮನೆಯ ಗ್ಯಾರೇಜಿನಲ್ಲಿ, ಒಂದು ಅಗ್ಗದ ಸ್ಯಾನ್ಯೋ ಟೇಪ್ ರೆಕಾರ್ಡರ್ ಇಟ್ಟುಕೊಂಡು ಹಾಡಿದ್ದು. ಜೊತೆಗೆ ಮಕ್ಕಳು ನುಡಿಸುವಂಥ ಕಾರ್ಡ್ ಆರ್ಗನ್. ಬಲಗೈಗೆ ಹಾರ್ಮೋನಿಯಂ ಥರದ ಮನೆಗಳು, ಎಡಗೈಗೆ ಸಾಲಾಗಿ ಗುಂಡಿಗಳು. ಒಂದು ಗುಂಡಿ ಒತ್ತಿದರೆ ಮೂರು ಸ್ವರ ಒಟ್ಟಿಗೆ. ತಿದಿ ಒತ್ತುವ ಕೆಲಸವಿಲ್ಲ, ಒಳಗಿನ ಫ್ಯಾನೇ ಗಾಳಿ ಕೊಡುತ್ತದೆ. ನಮ್ಮ ಭಜನೆ ಮನೆಗಳ ಹಾರ್ಮೋನಿಯಂ ಕೇಳಿ ಬೆಳೆದ ಕಿವಿಗೆ ಆ ನಾದ ಅಪರಿಚಿತವಲ್ಲ. ನನ್ನ ಅಮೆರಿಕನ್ ಸಹೋದ್ಯೋಗಿಗಳಿಗೆ ಆಟಿಕೆ ಥರ ಕೇಳಿಸಿದ್ದು ನನಗೆ ಶನಿವಾರ ಸಂಜೆಯ ಹಾಗೆ ಕೇಳಿಸಿತು.

ಅದರಲ್ಲಿ 'ಸ್ಪೀಡಿಂಗ್ ಮೋಟಾರ್‌ಸೈಕಲ್' ಅಂತ ಒಂದು ಹಾಡು. ಮೋಟಾರ್‌ಸೈಕಲ್ ಅಂದರೆ ಆತನ ಎದೆ. ಹೋಲಿಕೆ ಅಷ್ಟೇ, ಸರಳ. ಆದರೆ ಇದನ್ನು ಬೇರೆಯವರು ಹಾಡಿದ್ದು ಕೇಳಿದಾಗ ನನ್ನ ಅಭಿಪ್ರಾಯ ಬದಲಾಯಿತು. ಯೋ ಲಾ ಟೆಂಗೋ ಎಂಬ ತಂಡ 1990ರಲ್ಲಿ ಇದನ್ನು ಹಾಡಿತು. ಶುದ್ಧ ಗಿಟಾರ್, ಶ್ರುತಿಯಲ್ಲಿರುವ ದನಿ. ಆಗ ಗೊತ್ತಾಯಿತು, ಟೇಪಿನ ಧೂಳು ಒರೆಸಿದರೆ ಒಳಗೆ ಎಲ್ಲೂ ಬಿರುಕಿಲ್ಲದ ಧಾಟಿ ಇದೆ. ಈ ಮನುಷ್ಯ ಬೀಟಲ್ಸ್ ಹುಚ್ಚ. ಪಲ್ಲವಿಯಿಂದ ಚರಣಕ್ಕೆ ಎಲ್ಲಿ ಹೊರಳಬೇಕು, ಎಲ್ಲಿ ಕೇಳುವವನನ್ನು ಒಂದು ಗಳಿಗೆ ಕಾಯಿಸಬೇಕು ಅನ್ನುವುದೆಲ್ಲ ಅರೆದು ಕುಡಿದಿದ್ದಾನೆ. ಬರದೇ ಇದ್ದದ್ದು ಹಾಡುವುದು ಮಾತ್ರ. ಹಾಡು ಕಟ್ಟುವುದರಲ್ಲಿ ಪಳಗಿದ ಕೈ. ಅದೇ ವರ್ಷ ಒಂದು ರೇಡಿಯೊ ಕಾರ್ಯಕ್ರಮದಲ್ಲಿ ಆ ತಂಡ ಸ್ಟುಡಿಯೊದಲ್ಲಿ ನುಡಿಸಿದರೆ ಡೇನಿಯಲ್ ಫೋನಿನಲ್ಲಿ ಹಾಡಿದ್ದಾನೆ. ಸಿಕ್ಕರೆ ಬಿಡಬೇಡಿ.

ಇನ್ನು ಬಳಕೆಯ ವಿಷಯ. ಹೆಡ್‌ಫೋನ್‌ನಲ್ಲಿ ಕೇಳಬೇಡಿ, ಆ ಸುಯ್ ಸದ್ದಿಗೆ ತಲೆನೋವು ಬರುತ್ತೆ. ಕಾರಿನಲ್ಲಂತೂ ಏನೂ ಕೇಳಿಸಲ್ಲ. ದೊಡ್ಡ ಸ್ಪೀಕರ್ ದಂಡ, ಹಳೆಯ ಟೇಪುಗಳೆಲ್ಲ ಮೊನೊ, ಅಂದರೆ ಎಡಕ್ಕೂ ಬಲಕ್ಕೂ ಒಂದೇ ಸದ್ದು. ನಾನು ಎಲ್ಲ ಪ್ರಯೋಗ ಮಾಡಿ ಕೊನೆಗೆ ಅಡುಗೆಮನೆಯ ಕಟ್ಟೆ ಮೇಲಿರುವ ಅಂಗೈಯಗಲದ ಬ್ಲೂಟೂತ್ ಸ್ಪೀಕರ್‌ಗೆ ಬಂದು ನಿಂತೆ. ಪಾತ್ರೆ ತೊಳೆಯುವಾಗ ನಲ್ಲಿಯ ಸದ್ದಿನಲ್ಲಿ ಟೇಪಿನ ಸದ್ದು ಸೇರಿಹೋಗುತ್ತೆ, ಹಾಡು ಉಳಿಯುತ್ತೆ. ಎಲ್ಪಿ ಕೊಳ್ಳುವ ಆಸೆಯೂ ಬಂದಿತ್ತು. ಒಬ್ಬ ಆನ್‌ಲೈನ್ ಮಾರಾಟಗಾರ ಕಳಿಸಿದ ತಟ್ಟೆ ಹಪ್ಪಳದ ಹಾಗೆ ಬಾಗಿ ಬಂತು. ದುಡ್ಡು ವಾಪಸ್ ಬರಲು ಎರಡು ತಿಂಗಳು. ಹಾಗಂತ ಆ್ಯಪ್ ನಂಬಿ ಕೂರುವ ಹಾಗೂ ಇಲ್ಲ. ಒಂದು ಬೆಳಿಗ್ಗೆ ನನ್ನ ಪಟ್ಟಿಯಲ್ಲಿದ್ದ ನಾಲ್ಕು ಹಾಡು ಹೇಳದೆ ಕೇಳದೆ ಮಾಯ. ಆಮೇಲೆ ಬೇಕಾದ್ದನ್ನೆಲ್ಲ ಕೊಂಡು ಇಳಿಸಿಟ್ಟುಕೊಂಡೆ.

2022ರಲ್ಲಿ ಅಮ್ಮ ಶಿವಮೊಗ್ಗದಿಂದ ಬಂದು ಆರು ತಿಂಗಳು ಇದ್ದರು. ಅವರು ದೇವರನಾಮ ಹಾಡುವವರು, ಶ್ರುತಿಯ ವಿಷಯದಲ್ಲಿ ಭಾರಿ ಕಟ್ಟುನಿಟ್ಟು. "ಯಾರದ್ದೋ ಇದು, ಮಗು ಹಠ ಮಾಡಿ ಹಾಡಿದ ಹಾಗಿದೆ" ಅಂದರು. ಅವರಿಗೆ ಕೊನೆವರೆಗೂ ಈ ಹಾಡುಗಳು ಹಿಡಿಸಲಿಲ್ಲ. ಆದರೆ ಒಂದು ಕ್ಯಾಸೆಟ್ ಹಿಡಿಸಿತು. 'ಸಾಂಗ್ಸ್ ಆಫ್ ಪೇನ್', ಎಂಬತ್ತರ ದಶಕದ ಶುರುವಿನದು. ವೆಸ್ಟ್ ವರ್ಜೀನಿಯಾದಲ್ಲಿ ಅಪ್ಪ ಅಮ್ಮನ ಮನೆಯ ನೆಲಮಾಳಿಗೆಯಲ್ಲಿ ಪಿಯಾನೊ ಬಾರಿಸಿಕೊಂಡು ಹಾಡಿದ್ದು. ಅದರಲ್ಲಿ ಹಾಡಿನ ನಡುವೆ ಡೇನಿಯಲ್‌ನ ತಾಯಿ ಮಗನನ್ನು ಬೈಯುವುದು ಹಾಗೇ ಟೇಪಾಗಿದೆ. ಅಮ್ಮನಿಗೆ ಆ ಇಂಗ್ಲಿಷ್ ಪೂರ್ತಿ ತಿಳಿಯಲಿಲ್ಲ, ಆದರೂ ನಗು ತಡೆಯಲಾಗಲಿಲ್ಲ. "ಅದನ್ನ ಇನ್ನೊಂದ್ಸಲ ಹಾಕೋ" ಅಂದರು. ಆಮೇಲೆ ಸ್ವಲ್ಪ ಹೊತ್ತು ಬಿಟ್ಟು ಕೇಳಿದರು: "ಹಾಡಿದ್ದನ್ನ ಇಟ್ಟುಕೊಂಡ, ಸರಿ. ಬೈಸಿಕೊಂಡದ್ದನ್ನೂ ಯಾಕೋ ಇಟ್ಟುಕೊಂಡ?"

ಈ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ಯಾಕಂದರೆ ಈ ಹಾಡುಗಳನ್ನು ಕೇಳುವವರಿಗೆಲ್ಲ ಒಂದು ಮುಜುಗರ ಇದ್ದೇ ಇರುತ್ತೆ. ಡೇನಿಯಲ್‌ಗೆ ಗಂಭೀರವಾದ ಮನೋರೋಗ ಇತ್ತು, ವರ್ಷಗಟ್ಟಲೆ ಆಸ್ಪತ್ರೆಗೆ ಓಡಾಟ. 1990ರಲ್ಲಿ ಆಸ್ಟಿನ್‌ನಲ್ಲಿ ಹಾಡಿ ಅಪ್ಪನ ಪುಟ್ಟ ವಿಮಾನದಲ್ಲಿ ಮನೆಗೆ ಹೊರಟವನು ನಡುಗಾಳಿಯಲ್ಲಿ ಕೀಲಿ ಕಿತ್ತು ಹೊರಗೆ ಎಸೆದುಬಿಟ್ಟ. ಅಪ್ಪ ಯುದ್ಧದಲ್ಲಿ ವಿಮಾನ ಹಾರಿಸಿದ್ದವರು. ಹೇಗೋ ಮರಗಳ ಮೇಲೆ ಇಳಿಸಿದರು, ಇಬ್ಬರೂ ಬದುಕಿದರು. ಆಸ್ಪತ್ರೆಯಲ್ಲಿದ್ದಾಗ ದೊಡ್ಡ ರೆಕಾರ್ಡ್ ಕಂಪನಿಯೊಂದು ಕರಾರು ಹಿಡಿದು ಬಂದರೆ, ಅದೇ ಕಂಪನಿಯಲ್ಲಿ ಮೆಟಾಲಿಕಾ ಎಂಬ ರಾಕ್ ತಂಡ ಇದೆ, ಅವರು ಸೈತಾನನ ಕಡೆಯವರು ಅಂತ ಒಲ್ಲೆ ಅಂದ. ಇಂಥ ಕಥೆಗಳನ್ನು ಅಭಿಮಾನಿಗಳು ಚಪ್ಪರಿಸಿ ಹೇಳುತ್ತಾರೆ. ನಾನೂ ಮೊದಲ ವರ್ಷ ಊಟಕ್ಕೆ ಬಂದವರಿಗೆಲ್ಲ ವಿಮಾನದ ಕಥೆ ಹೇಳಿದ್ದೇನೆ. ಈಗ ಹೇಳುವಾಗ ಬಾಯಿ ತಡೆಯುತ್ತೆ. ಆ ಅಪ್ಪನ ಜಾಗದಲ್ಲಿ ಕೂತು ನೋಡಿದರೆ ಅದರಲ್ಲಿ ನಗುವಂಥದ್ದು ಏನೂ ಇಲ್ಲ.

ಹಾಗಾಗಿ '1990' ಆಲ್ಬಮ್‌ಗೆ ಎಷ್ಟು ಸ್ಟಾರ್ ಕೊಡಬೇಕೋ ತಿಳಿಯದು. 'ಟ್ರೂ ಲವ್ ವಿಲ್ ಫೈಂಡ್ ಯೂ ಇನ್ ದಿ ಎಂಡ್' ಇರುವುದು ಇದರಲ್ಲೇ. ಗಿಟಾರು, ದನಿ, ಎರಡೇ ನಿಮಿಷ. ಪ್ರೀತಿ ನಿನ್ನನ್ನು ಹುಡುಕಿಕೊಂಡು ಬರುತ್ತೆ, ಆದರೆ ನೀನೂ ಹುಡುಕುತ್ತಾ ಇದ್ದರೆ ಮಾತ್ರ ಅನ್ನುವ ಷರತ್ತು ಅದರಲ್ಲಿದೆ. ಹೆಸರು ಮಾತ್ರ ನೋಡಿದವರು ಸುಮ್ನೆ ಸಮಾಧಾನದ ಹಾಡು ಅಂದುಕೊಳ್ಳುತ್ತಾರೆ. ಆದರೆ ಅದೇ ಆಲ್ಬಮ್‌ನಲ್ಲಿ 'ಕೇರ್‌ಲೆಸ್ ಸೋಲ್' ಅಂತ ಒಂದು ಇದೆ. ಜನರ ಮುಂದೆ ಹಾಡುತ್ತಾ ಅಳು ಉಕ್ಕಿ ಬರುತ್ತೆ. ಅದನ್ನು ನಾನು ಎರಡು ಸಲ ಕೇಳಿದ್ದೇನೆ, ಮೂರನೆಯ ಸಲ ಕೇಳುವುದಿಲ್ಲ. ಒಬ್ಬ ಮನುಷ್ಯ ಒಡೆದುಹೋಗುವುದನ್ನು ಪಾತ್ರೆ ತೊಳೆಯುತ್ತಾ ಕೇಳುವುದು ಸರಿಯಲ್ಲ.

ಆಮೇಲೆ ಬೇರೊಂದು ದೊಡ್ಡ ಕಂಪನಿಗೆ ಮಾಡಿದ್ದು ಒಂದೇ ಆಲ್ಬಮ್, 1994ರ 'ಫನ್'. ಅದಕ್ಕೂ ಎರಡು ವರ್ಷ ಮುಂಚೆ ನಿರ್ವಾಣ ಎಂಬ ರಾಕ್ ತಂಡದ ಗಾಯಕ ಕರ್ಟ್ ಕೋಬೇನ್ ಆ ಕಪ್ಪೆಯ ಟೀಶರ್ಟ್ ಹಾಕಿಕೊಂಡು ಟೀವಿಯಲ್ಲಿ ಕಾಣಿಸಿಕೊಂಡು ಹೆಸರಂತೂ ಆಗಿತ್ತು. ಆದರೂ 'ಫನ್' ಮಾರಾಟವಾಗಲಿಲ್ಲ, 1996ರಲ್ಲಿ ಕಂಪನಿ ಕೈಬಿಟ್ಟಿತು. ಹಳೆಯ ಅಭಿಮಾನಿಗಳು ಇದನ್ನು ಲೆಕ್ಕಕ್ಕೇ ಇಡುವುದಿಲ್ಲ. ನನ್ನ ಮಟ್ಟಿಗೆ ಅದು ಅನ್ಯಾಯ. 'ಲೈಫ್ ಇನ್ ವೇನ್' ಒಂದಕ್ಕೇ ನಾಲ್ಕು ಸ್ಟಾರ್ ಕೊಡುತ್ತೇನೆ. 2003ರ 'ಫಿಯರ್ ಯುವರ್‌ಸೆಲ್ಫ್' ಪರವಾಗಿಲ್ಲ, ವಾದ್ಯ ಸ್ವಲ್ಪ ಜಾಸ್ತಿ. 2009ರದ್ದು ಕೊಂಡಿದ್ದೇನೆ, ಹಾಕುವುದೇ ಇಲ್ಲ. ಚೆನ್ನಾಗಿ ರೆಕಾರ್ಡ್ ಆಗಿದೆ, ತಪ್ಪೇನೂ ಕಾಣಲ್ಲ, ಕೈ ಮಾತ್ರ ಅತ್ತ ಹೋಗುವುದಿಲ್ಲ.

ಒಂದನ್ನೇ ಕೊಳ್ಳುವುದಾದರೆ 2006ರ 'ವೆಲ್‌ಕಮ್ ಟು ಮೈ ವರ್ಲ್ಡ್' ಕೊಳ್ಳಿ, ಆಯ್ದ ಹಾಡುಗಳ ಸಂಗ್ರಹ. ಅದೂ ಭಯವಾದರೆ 2004ರಲ್ಲಿ ಬೇರೆ ಬೇರೆ ಗಾಯಕರು ಈತನ ಹಾಡುಗಳನ್ನು ಹಾಡಿದ ಜೋಡಿ ಸಿಡಿ ಇದೆ. ಒಂದರಲ್ಲಿ ಅವರು ಹಾಡಿದ್ದು, ಇನ್ನೊಂದರಲ್ಲಿ ಅವೇ ಹಾಡುಗಳು ಡೇನಿಯಲ್ ದನಿಯಲ್ಲಿ. ಟಾಮ್ ವೇಟ್ಸ್ ಹಾಡಿದ 'ಕಿಂಗ್ ಕಾಂಗ್' ಕೇಳಿ, ಆಮೇಲೆ ಮೂಲ ಕೇಳಿ.

ಇಷ್ಟು ವರ್ಷವಾದರೂ ನನ್ನ ಹುಡುಕಾಟ ಮುಗಿದಿಲ್ಲ. ಡೇನಿಯಲ್ ಒಂದು ಸಂಚಾರಿ ಜಾತ್ರೆಯ ತಂಡದ ಜೊತೆ ಹೊರಟು ಎಂಬತ್ತರ ದಶಕದ ನಡುವೆ ಈ ಆಸ್ಟಿನ್ ಸೇರಿದವನು. ಮೆಕ್‌ಡೊನಾಲ್ಡ್ಸ್‌ನಲ್ಲಿ ಕೆಲಸ ಮಾಡುತ್ತಾ, ಸಿಕ್ಕಸಿಕ್ಕವರ ಕೈಗೆ ತಾನೇ ಚಿತ್ರ ಬರೆದ ಕ್ಯಾಸೆಟ್ ಕೊಟ್ಟು ಹೋಗುತ್ತಿದ್ದ. ಅದಕ್ಕೂ ಮೊದಲು, ಶುರುವಿನಲ್ಲಿ, ಒಂದು ಕ್ಯಾಸೆಟ್ಟಿನಿಂದ ಇನ್ನೊಂದಕ್ಕೆ ನಕಲು ಮಾಡುವ ಯಂತ್ರವೇ ಆತನ ಹತ್ತಿರ ಇರಲಿಲ್ಲ. ಯಾರಾದರೂ ಕ್ಯಾಸೆಟ್ ಬೇಕು ಅಂದರೆ ಮೊದಲಿನಿಂದ ಕೊನೆವರೆಗೆ ಎಲ್ಲ ಹಾಡನ್ನೂ ಮತ್ತೆ ಹಾಡಿ ಟೇಪ್ ಮಾಡಿ ಕೊಡುತ್ತಿದ್ದ. ಅಂದರೆ ನಮ್ಮ ಹತ್ತಿರ ಇರುವುದು ಒಂದು ಸಲ ಹಾಡಿದ್ದು ಮಾತ್ರ. ಉಳಿದ ಸಲದವು ಯಾರ ಯಾರ ಅಟ್ಟದ ಮೇಲಿವೆಯೋ.

ನಮ್ಮ ಬೀದಿಯಲ್ಲಿ ಶನಿವಾರ ಯಾರಾದರೂ ಮನೆಯ ಹಳೆಯ ಸಾಮಾನು ಹೊರಗಿಟ್ಟು ಮಾರಿದರೆ ಹೋಗಿ ಕ್ಯಾಸೆಟ್ ಡಬ್ಬ ತಡಕುತ್ತೇನೆ. ಇಲ್ಲಿವರೆಗೆ ಸಿಕ್ಕಿದ್ದು ಎರಡು ಡಜನ್ ಖಾಲಿ ಕ್ಯಾಸೆಟ್ ಮತ್ತು ಯಾರದ್ದೋ ಮದುವೆಯ ಭಾಷಣ. ಎರಡನ್ನೂ ಇಟ್ಟುಕೊಂಡಿದ್ದೇನೆ.