ಕುಂಯ್‌ಗುಡುವ ಕಾರ್ ಸ್ಟೀರಿಯೋಗೆ ಗ್ರೌಂಡ್ ಲೂಪ್ ಐಸೊಲೇಟರ್: ಐದರಲ್ಲಿ ಮೂರು ಸ್ಟಾರ್

ಆಂಪ್ಲಿಫೈಯರ್ ಹಾಕಿಸಿದ ದಿನದಿಂದ ನನ್ನ ಕಾರು ತಾನೇ ಹಾಡೋಕೆ ಶುರು ಮಾಡಿತ್ತು. ಇಂಜಿನ್ ಸ್ಟಾರ್ಟ್ ಆದ ಕೂಡಲೇ ಸ್ಪೀಕರ್‌ನಲ್ಲಿ ಸಣ್ಣಗೆ ‘ಕುಂಯ್’. ಆಕ್ಸಿಲರೇಟರ್ ಒತ್ತಿದರೆ ಸ್ವರ ಏರುತ್ತದೆ, ಕಾಲು ತೆಗೆದರೆ ಇಳಿಯುತ್ತದೆ. ವಾಲ್ಯೂಮ್ ಸೊನ್ನೆಗೆ ತಂದರೂ ಹೋಗಲ್ಲ. ಪಕ್ಕದಲ್ಲಿ ಕೂತಿದ್ದ ಹೆಂಡತಿ, “ಒಳಗೆ ಸೊಳ್ಳೆ ಇದೆಯಾ ನೋಡ್ರಿ” ಅಂದಳು. ಕಿಟಕಿ ಇಳಿಸಿ ನೋಡಿದ್ದೂ ಆಯಿತು.

ಫಿಟ್ ಮಾಡಿಕೊಟ್ಟವರಿಗೆ ಫೋನ್ ಮಾಡಿದೆ. “ಆಂಪ್ ಅಂದ್ಮೇಲೆ ಇಷ್ಟು ಇರುತ್ತೆ ಸಾರ್. ಒಂದು ಐಸೊಲೇಟರ್ ಹಾಕ್ಕೊಳ್ಳಿ, ಹೋಗುತ್ತೆ” ಅಂದರು. ಸರಿ ಅಂತ ತರಿಸಿದೆ.

ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡ ಡಬ್ಬಿ. ಒಂದು ಕಡೆ ಎರಡು ಆರ್‌ಸಿಎ ಪಿನ್ (ಸ್ಟೀರಿಯೋದಿಂದ ಆಂಪ್‌ಗೆ ಹಾಡು ಒಯ್ಯುವ ಕೇಬಲ್ಲಿನ ಪಿನ್), ಇನ್ನೊಂದು ಕಡೆ ಎರಡು ಸಾಕೆಟ್. ಇದಕ್ಕೆ ಕರೆಂಟ್ ಬೇಡ. ಒಳಗಿರುವುದು ಎರಡು ಪುಟಾಣಿ ಟ್ರಾನ್ಸ್‌ಫಾರ್ಮರ್, ಎಡಕ್ಕೊಂದು ಬಲಕ್ಕೊಂದು. ಹಾಡಿನ ಸಿಗ್ನಲ್ ಒಂದು ಸುರುಳಿಯಿಂದ ಇನ್ನೊಂದಕ್ಕೆ ಕಾಂತಕ್ಷೇತ್ರದ ಮೂಲಕ ದಾಟುತ್ತದೆ. ನೇರ ತಂತಿ ಸಂಬಂಧ ಇಲ್ಲ, ಹಾಗಾಗಿ ಸ್ಟೀರಿಯೋ, ಆಂಪ್ ಎರಡರ ಗ್ರೌಂಡ್‌ಗಳ (ಕರೆಂಟು ಬ್ಯಾಟರಿಯ ನೆಗೆಟಿವ್‌ಗೆ ವಾಪಸ್ ಹೋಗುವ ಸಂಪರ್ಕ) ನಡುವೆ ಸುತ್ತುವ ಕರೆಂಟಿಗೆ ದಾರಿ ಇರಲ್ಲ. ಹೆಡ್ ಯೂನಿಟ್‌ನಿಂದ, ಅಂದರೆ ಡ್ಯಾಶ್‌ಬೋರ್ಡಿನ ಸ್ಟೀರಿಯೋದಿಂದ, ಬಂದ ಕೇಬಲ್ ಬಿಚ್ಚಿ, ನಡುವೆ ಇದನ್ನು ಸೇರಿಸಿ, ಮತ್ತೆ ಆಂಪ್‌ಗೆ ಚುಚ್ಚಿದರೆ ಮುಗಿಯಿತು. ಐದು ನಿಮಿಷದ ಕೆಲಸ.

ಮೊದಲು ಬಂದ ಪೀಸು ಸರಿಯಿರಲಿಲ್ಲ. ರಸ್ತೆ ಉಬ್ಬು ಹತ್ತಿದಾಗಲೆಲ್ಲ ಎಡಗಡೆ ಸ್ಪೀಕರ್ ಸುಮ್ನಾಗುತ್ತಿತ್ತು. ಸಾಕೆಟ್ ಹತ್ತಿರ ವೈರ್ ಅಲ್ಲಾಡಿಸಿದರೆ ಮತ್ತೆ ಬರುತ್ತಿತ್ತು. ಮಾರಿದವರು ತಕರಾರಿಲ್ಲದೆ ಬದಲಿಸಿಕೊಟ್ಟರು. ಎರಡನೆಯದನ್ನು ಹಾಕಿ ಇಂಜಿನ್ ಸ್ಟಾರ್ಟ್ ಮಾಡಿದೆ. ಕುಂಯ್ ಇಲ್ಲ! ಪೂರ್ತಿ ನಿಶ್ಶಬ್ದ. ಅವತ್ತೇ ಇದನ್ನು ಬರೆದಿದ್ದರೆ ಐದಕ್ಕೆ ಐದು ಕೊಡುತ್ತಿದ್ದೆ.

ಒಂದು ವಾರ ಕಳೆದ ಮೇಲೆ ಏನೋ ಕಮ್ಮಿ ಅನ್ನಿಸತೊಡಗಿತು. ಡ್ರಮ್ಮಿನ ಪೆಟ್ಟು ಎದೆಗೆ ತಾಗುತ್ತಿಲ್ಲ. ಫೋನಿನಲ್ಲಿ ಟೋನ್ ಆ್ಯಪ್ ಹಾಕಿ, ಡಬ್ಬಿ ಇಟ್ಟು ಒಮ್ಮೆ, ತೆಗೆದು ಒಮ್ಮೆ ಕೇಳಿದೆ. 1000 ಹರ್ಟ್ಸ್‌ನಲ್ಲಿ ಏನೂ ವ್ಯತ್ಯಾಸ ಇಲ್ಲ. 40 ಹರ್ಟ್ಸ್‌ಗೆ ಇಳಿಸಿದರೆ ಕಿವಿಗೇ ಗೊತ್ತಾಗುವಷ್ಟು ಸಪ್ಪೆ. ಇಷ್ಟು ಚಿಕ್ಕ ಟ್ರಾನ್ಸ್‌ಫಾರ್ಮರ್‌ಗೆ ಅಷ್ಟು ಕೆಳಗಿನ ಸದ್ದನ್ನು ಪೂರ್ತಿ ದಾಟಿಸುವ ತಾಕತ್ತು ಇಲ್ಲ. ಬೇಸ್ ಸಿಗಲಿ ಅಂತ ಆಂಪ್ ಹಾಕಿಸಿ, ಅದೇ ಬೇಸನ್ನು ಡಬ್ಬಿಗೆ ಕೊಟ್ಟುಬಿಡುವುದಾ?

ಭಾನುವಾರ ಡಿಕ್ಕಿ ಖಾಲಿ ಮಾಡಿ ಕೂತೆ. ಐಸೊಲೇಟರ್ ತೆಗೆದೆ, ಕುಂಯ್ ವಾಪಸ್ ಬಂತು. ಆಂಪ್ ಆಫ್ ಮಾಡಿ ಆರ್‌ಸಿಎ ಕೇಬಲ್ ಬಿಚ್ಚಿ, ಮತ್ತೆ ಆನ್ ಮಾಡಿದರೆ ಸದ್ದಿಲ್ಲ. ಅಂದರೆ ಆಂಪ್ ಕೆಟ್ಟಿಲ್ಲ, ಗಲಾಟೆ ಕೇಬಲ್ ಹಾದಿಯಲ್ಲಿ ಬರುತ್ತಿದೆ. ಆಮೇಲೆ ಮಲ್ಟಿಮೀಟರ್. ಕೇಬಲ್ ವಾಪಸ್ ಚುಚ್ಚಿ, ಇಂಜಿನ್ ಆನ್ ಇಟ್ಟು, ಹಾಡು ಜೋರಾಗಿ ಹಾಕಿ, ಒಂದು ಕಡ್ಡಿ ಆಂಪಿನ ಗ್ರೌಂಡ್ ಸ್ಕ್ರೂ ಮೇಲೆ, ಇನ್ನೊಂದನ್ನು ಉದ್ದ ವೈರ್ ಎಳೆದು ಬ್ಯಾಟರಿಯ ನೆಗೆಟಿವ್‌ಗೆ. ಸೊನ್ನೆಯ ಹತ್ತಿರ ಇರಬೇಕಾದ್ದು 0.6 ವೋಲ್ಟ್ ತೋರಿಸಿತು. ಆಂಪಿನ ಗ್ರೌಂಡ್ ಅನ್ನೋದು ಹೆಸರಿಗಷ್ಟೇ ಗ್ರೌಂಡ್ ಅಂತಾಯಿತು. ಆಗ ಕರೆಂಟು ವಾಪಸ್ ಹೋಗಲು ಆರ್‌ಸಿಎ ಕೇಬಲ್ಲಿನ ಹೊರಸುತ್ತಿನ ತಂತಿಜಾಲವನ್ನೂ ಹಾದಿ ಮಾಡಿಕೊಳ್ಳುತ್ತದೆ, ಆಲ್ಟರ್ನೇಟರಿನ (ಇಂಜಿನ್ ಜೊತೆ ತಿರುಗಿ ಕರೆಂಟ್ ಹುಟ್ಟಿಸುವ ಯಂತ್ರ) ಸದ್ದು ಅದರ ಜೊತೆ ಹಾಡಿನೊಳಗೆ ಸೇರುತ್ತದೆ.

ಕಾರ್ಪೆಟ್ ಎತ್ತಿ ನೋಡಿದೆ. ಗ್ರೌಂಡ್ ವೈರಿನ ತುದಿಯ ರಿಂಗನ್ನು ಒಂದು ತಗಡಿನ ಸ್ಕ್ರೂ ಹಾಕಿ ಕಾರಿನ ಲೋಹದ ಮೈಗೆ ಬಿಗಿದಿದ್ದರು. ಬಿಗಿದಿದ್ದರು ಅನ್ನೋದೂ ಜಾಸ್ತಿಯಾಯಿತು, ಬೆರಳಲ್ಲೇ ತಿರುಗುತ್ತಿತ್ತು. ಬಿಚ್ಚಿದರೆ ರಿಂಗಿನ ಕೆಳಗೆ ಪೇಂಟ್ ಹೊಸದರಂತೆ ಫಳಫಳ! ಪೇಂಟು ಕರೆಂಟ್ ಬಿಡಲ್ಲ, ಲೋಹ ಮುಟ್ಟುತ್ತಿದ್ದದ್ದು ಸ್ಕ್ರೂವಿನ ಎಳೆ ಮಾತ್ರ.

ಎಮರಿ ಪೇಪರ್ ತೆಗೆದುಕೊಂಡು ಒಂದು ನಾಣ್ಯದಷ್ಟು ಜಾಗ ಬೆಳ್ಳಗಾಗುವವರೆಗೆ ಉಜ್ಜಿದೆ. ಪವರ್ ವೈರಿನಷ್ಟೇ ದಪ್ಪದ ವೈರ್, ಅರ್ಧ ಮೀಟರಿಗಿಂತ ಗಿಡ್ಡ, ಹಲ್ಲಿನ ವಾಷರ್, ನಟ್ ಬೋಲ್ಟ್. ಮೇಲೆ ತುಕ್ಕು ಹಿಡಿಯದಿರಲಿ ಅಂತ ಗ್ರೀಸ್. ಹತ್ತಿರದಲ್ಲೇ ಸೀಟ್ ಬೆಲ್ಟಿನ ಬೋಲ್ಟ್ ಇತ್ತು, ಕೈ ಹೋಯಿತು, ಆದರೆ ಅದನ್ನು ಮುಟ್ಟಲಿಲ್ಲ. ನೀವೂ ಮುಟ್ಟಬೇಡಿ, ಅದು ಜೀವ ಉಳಿಸುವ ಬೋಲ್ಟ್. ಮತ್ತೆ ಮೀಟರ್ ಹಿಡಿದೆ: 0.05 ವೋಲ್ಟ್. ಕುಂಯ್ ಬಹುಪಾಲು ಹೋಯಿತು. ಉಳಿದ ಚೂರಿಗೆ ಕಾರಣ, ಪವರ್ ವೈರ್ ಮತ್ತು ಆರ್‌ಸಿಎ ಕೇಬಲ್ ಎರಡನ್ನೂ ಒಂದೇ ಕಡೆ ಒಟ್ಟಿಗೆ ಎಳೆದದ್ದು. ಸಿಗ್ನಲ್ ಕೇಬಲ್ಲನ್ನು ಇನ್ನೊಂದು ಬದಿಗೆ ಸರಿಸಿದೆ. ಬೆನ್ನು ಬಿದ್ದುಹೋಯಿತು, ಆದರೆ ಡಬ್ಬಿ ಇಲ್ಲದೆ ಸದ್ದು ಪೂರ್ತಿ ನಿಂತಿತು, ಬೇಸೂ ವಾಪಸ್ ಬಂತು.

ಹಾಗಂತ ಈ ವಸ್ತು ದಂಡ ಅನ್ನಲಾರೆ. ತಮ್ಮನ ಕಾರಲ್ಲಿ ಕಂಪನಿ ಸ್ಟೀರಿಯೋ, ಆಂಪ್ ಇಲ್ಲ. ಫೋನನ್ನು ಆಕ್ಸ್ ವೈರಿಗೆ ಹಾಕಿಕೊಂಡು ಜೊತೆಗೆ ಚಾರ್ಜಿಗೂ ಇಟ್ಟರೆ ಗುಂಯ್ ಅನ್ನುತ್ತಿತ್ತು, ಚಾರ್ಜರ್ ಕಿತ್ತರೆ ಸುಮ್ಮನಾಗುತ್ತಿತ್ತು. ಅಲ್ಲಿ ಉಜ್ಜೋಕೆ ಯಾವ ಬೋಲ್ಟೂ ಇಲ್ಲ, ಲೂಪ್ ಆಗುತ್ತಿರುವುದೇ ಚಾರ್ಜರ್ ಮತ್ತು ಆಕ್ಸ್ ಎರಡರ ಗ್ರೌಂಡ್ ಸೇರಿ. ಇದೇ ಐಸೊಲೇಟರಿನ 3.5 ಎಂಎಂ ಪಿನ್ನಿನ ಮಾದರಿ ತರಿಸಿ ಹಾಕಿದೆವು, ತಕ್ಷಣ ನಿಂತಿತು. ಅವನ ಬಾಗಿಲಿನ ಸಣ್ಣ ಸ್ಪೀಕರ್‌ಗಳಲ್ಲಿ 40 ಹರ್ಟ್ಸ್ ಮೊದಲೇ ಇರಲಿಲ್ಲ, ಕಳೆದುಕೊಳ್ಳೋಕೆ ಏನೂ ಇಲ್ಲ ಬಿಡಿ.

ಆಂಪ್ ಇರುವವರು ಮೊದಲು ಕಾರ್ಪೆಟ್ ಎತ್ತಿ, ಆಮೇಲೆ ಆರ್ಡರ್ ಮಾಡಿ. ಸ್ಪೀಕರ್ ವೈರಿಗೆ ಇದನ್ನು ಸೇರಿಸಬೇಡಿ, ಇದು ಆರ್‌ಸಿಎ ಅಥವಾ ಆಕ್ಸ್‌ಗೆ ಮಾತ್ರ. ನನ್ನದು ಈಗ ಡ್ಯಾಶ್‌ಬೋರ್ಡಿನ ಖಾನೆಯಲ್ಲಿದೆ. ಮೊನ್ನೆ ಹೆಂಡತಿ ಮತ್ತೆ “ಸೊಳ್ಳೆ” ಅಂದಳು. ನಾನು ಗಾಬರಿಯಾಗಿ ಸ್ಟೀರಿಯೋ ಆಫ್ ಮಾಡಿದೆ. ಈ ಸಲ ನಿಜವಾದ ಸೊಳ್ಳೆಯೇ ಇತ್ತು.