ಹಬ್ಬದ ಚೀಟಿ: ಹನ್ನೆರಡು ಚೌಕ, ಒಂದು ಮೂಟೆ ಅಕ್ಕಿ, ಪಕ್ಕದ ಮನೆಯ ಕಾರ್ಡು

ಅಂಗಡಿಯ ಹೆಸರು ಬರೆಯುವುದಿಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ. ಲಗ್ಗೆರೆಯಲ್ಲಿ ನಮ್ಮ ಬೀದಿಯ ತುದಿಗಿರುವ ದಿನಸಿ ಅಂಗಡಿ, ಅಷ್ಟು ಸಾಕು. ಹೆಸರು ಬರೆದರೆ ಇದು ಯಾರ ಮನೆಯ ಕತೆ ಎಂದು ನಮ್ಮ ವಠಾರದವರು ಸಂಜೆಯೊಳಗೆ ಪತ್ತೆ ಮಾಡುತ್ತಾರೆ. ಅಂಗಡಿಯವರನ್ನು ಎಲ್ಲರೂ ಶೆಟ್ಟರು ಎನ್ನುತ್ತಾರೆ. ನಾನೂ ಹಾಗೆಯೇ ಕರೆಯುತ್ತೇನೆ.

ನಾನು ಬೆಂಗಳೂರಿನ ಬಸ್ಸುಗಳಲ್ಲಿ ಕಂಡಕ್ಟರ್ ಆಗಿದ್ದವನು. ಬಿಎಂಟಿಸಿ ಎಂಬ ಹೆಸರು 1997ರಲ್ಲಿ ಬಂತು. ನಾನು ಸೇರಿದಾಗ ಅದು ಇನ್ನೂ ಬಿಟಿಎಸ್. ಮೂವತ್ತು ವರ್ಷಕ್ಕೂ ಮಿಕ್ಕಿ ಚಿಲ್ಲರೆ ಎಣಿಸಿದ ಕೈ, ಹಾಗಾಗಿ ಯಾರು ಏನು ಕೊಟ್ಟರೂ ಲೆಕ್ಕ ಹಾಕದೆ ತೆಗೆದುಕೊಳ್ಳುವ ಅಭ್ಯಾಸವಿಲ್ಲ. 2025ರ ದೀಪಾವಳಿಯ ಚೀಟಿಯ ಲೆಕ್ಕವನ್ನೂ ಹಾಗೆಯೇ ಹಾಕಿದ್ದೇನೆ.

ಗೊತ್ತಿಲ್ಲದವರಿಗೆ: ಇದು ಹರಾಜು ಕೂಗುವ ಚೀಟಿಯಲ್ಲ. ಯುಗಾದಿಯ ಮಾರನೆಯ ದಿನ ಹೊಸತೊಡಕಿಗೆ ಮಾಂಸದ ಚೀಟಿ ಹಾಕುವುದಿಲ್ಲವೇ, ಅದರ ದಿನಸಿ ರೂಪ. 2024ರ ನವೆಂಬರಿನಿಂದ 2025ರ ಅಕ್ಟೋಬರಿನವರೆಗೆ ತಿಂಗಳಿಗೆ 300 ರೂಪಾಯಿ, ಒಟ್ಟು 3,600. ಹಳದಿ ರಟ್ಟಿನ ಕಾರ್ಡು, ಅದರಲ್ಲಿ ಹನ್ನೆರಡು ಚೌಕ. ದುಡ್ಡು ಕೊಟ್ಟಾಗ ಒಂದು ಚೌಕಕ್ಕೆ ಮೊಹರು ಬೀಳುತ್ತದೆ. ಜೋಡಿ ಕಾರ್ಡು ಅಂಗಡಿಯಲ್ಲಿ ಬಿಸ್ಕತ್ತಿನ ಡಬ್ಬದೊಳಗೆ, ಮನೆ ನಂಬರಿನ ಪ್ರಕಾರ ಜೋಡಿಸಿಟ್ಟಿರುತ್ತದೆ. ಹಬ್ಬಕ್ಕೆ ಮೊದಲು ಸಾಮಾನು ಮನೆಗೆ ಬರುತ್ತದೆ.

ಇಂಥ ಚೀಟಿಗೆ ನಂಬಿಕೆಯ ಹೊರತು ಬೇರೆ ಆಧಾರವಿಲ್ಲ. ಕೆಲವು ವರ್ಷಗಳ ಹಿಂದೆ ಆಚೆ ಬಡಾವಣೆಯಲ್ಲಿ ಚೀಟಿ ನಡೆಸುತ್ತಿದ್ದವರೊಬ್ಬರು ಹಬ್ಬಕ್ಕೆ ಹತ್ತು ದಿನ ಇರುವಾಗ ಮನೆಗೆ ಬೀಗ ಹಾಕಿಕೊಂಡು ಹೋದರು. ನನ್ನ ನಾದಿನಿಯ ಹನ್ನೊಂದು ಕಂತು ಅದರ ಜೊತೆಗೇ ಹೋಯಿತು. ಆದ್ದರಿಂದ ಶೆಟ್ಟರ ಬಳಿ ಕಾರ್ಡು ಬರೆಸುವ ಮೊದಲು ಎರಡು ವರ್ಷ ಬೇರೆಯವರ ಮನೆಗೆ ಸಾಮಾನು ಬರುವುದನ್ನು ನೋಡಿದ್ದೆ.

ಈಗ ಮೂಟೆ ಬಿಚ್ಚೋಣ.

ಸೋನಾ ಮಸೂರಿ ಅಕ್ಕಿ 26 ಕಿಲೋ. ಇಪ್ಪತ್ತೈದಲ್ಲ, ಇಪ್ಪತ್ತಾರು. 2022ರ ಜುಲೈನಲ್ಲಿ 25 ಕಿಲೋವರೆಗಿನ ಚೀಲದ ಅಕ್ಕಿಗೆ ಶೇಕಡಾ 5 ಜಿಎಸ್‌ಟಿ ಬಿದ್ದ ಮೇಲೆ ಗಿರಣಿಯವರು ಚೀಲಕ್ಕೆ ಒಂದು ಕಿಲೋ ಸೇರಿಸಿ ತೆರಿಗೆಯ ಗೆರೆ ದಾಟಿಬಿಟ್ಟರು. ಅಕ್ಕಿ ಹಳೆಯದು, ಅನ್ನ ಉದುರುದುರಾಗಿ ಆಗುತ್ತದೆ, ಕಲ್ಲಿಲ್ಲ. ತೊಗರಿಬೇಳೆ 3 ಕಿಲೋ. ಕಲಬುರಗಿಯದೆಂದು ಶೆಟ್ಟರ ಮಾತು. ಆ ಬೇಳೆಗೆ ಭೌಗೋಳಿಕ ಗುರುತು ಸಿಕ್ಕಿದ ಮೇಲೆ ಎಲ್ಲ ಬೇಳೆಯೂ ಕಲಬುರಗಿಯದೇ ಆಗಿದೆ, ಆದರೆ ಇದು ಬೇಗ ಬೆಂದು ಸಾರಿನಲ್ಲಿ ಒಂದಾಗಿ ಕೂಡಿಕೊಂಡಿತು, ನಂಬಿದೆ. ಸಕ್ಕರೆ, ಕಡಲೆಬೇಳೆ, ಉದ್ದಿನಬೇಳೆ, ಮೈದಾ, ಚಿರೋಟಿ ರವೆ ಎಲ್ಲ ತೂಕಕ್ಕೆ ಸರಿ. ಕಾಲು ಕಿಲೋ ಬ್ಯಾಡಗಿ ಮೆಣಸಿನಕಾಯಿಯಲ್ಲಿ ಒಂದು ಹಿಡಿ ತೇವವಾಗಿತ್ತು, ಬಿಸಿಲಿಗೆ ಹರವಬೇಕಾಯಿತು.

ಬೆಲ್ಲದ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು, ಏಕೆಂದರೆ ದೀಪಾವಳಿ ಎಂದರೆ ನಮ್ಮಲ್ಲಿ ಕಜ್ಜಾಯ. ಹೈಡ್ರೋಸ್ ಎಂಬ ರಾಸಾಯನಿಕ ಹಾಕಿ ಬಿಳುಪು ಮಾಡಿದ ಹೊಂಬಣ್ಣದ ಬೆಲ್ಲ ನೋಡಲು ಚೆಂದ, ನನ್ನ ಹೆಂಡತಿಯ ಪ್ರಕಾರ ಪಾಕಕ್ಕೆ ಶನಿ. ಶೆಟ್ಟರು ಕೊಟ್ಟದ್ದು ಕಂದು ಬಣ್ಣದ ಅಚ್ಚುಬೆಲ್ಲ, 2 ಕಿಲೋ. ನೆನೆಸಿ ನೆರಳಲ್ಲಿ ಆರಿಸಿದ ಅಕ್ಕಿಯನ್ನು ಇನ್ನೂ ಪಸೆ ಇರುವಾಗಲೇ ಪುಡಿ ಮಾಡಿಸಿಕೊಂಡು ಬಂದೆ. ಅವಳು ಪಾಕದ ಒಂದು ಹನಿಯನ್ನು ತಟ್ಟೆಯ ನೀರಿಗೆ ಬಿಟ್ಟು ಬೆರಳಲ್ಲಿ ಕೂಡಿಸಿದಳು. ಮೊದಲ ಸಲ ಜಾರಿತು. ಎರಡನೆಯ ಸಲ ಮೆತ್ತನೆಯ ಉಂಡೆಯಾಗಿ ಬೆರಳಿಗೆ ಬಂತು. "ಒಲೆ ಆರಿಸಿ, ಬೇಗ" ಎಂದಳು. ಬೆಲ್ಲಕ್ಕೆ ಇದಕ್ಕಿಂತ ದೊಡ್ಡ ಪ್ರಮಾಣಪತ್ರ ನಮ್ಮ ಮನೆಯಲ್ಲಿಲ್ಲ.

ತುಪ್ಪದಲ್ಲಿ ಶೆಟ್ಟರ ಪ್ರಾಮಾಣಿಕತೆ ಗೊತ್ತಾಯಿತು. ಕಾರ್ಡಿನ ಹಿಂಬದಿಯಲ್ಲಿ ನಂದಿನಿ ತುಪ್ಪ ಒಂದು ಲೀಟರಿಗೆ 650 ರೂಪಾಯಿ ಹಿಡಿದಿದ್ದರು. ಹಬ್ಬಕ್ಕೆ ತಿಂಗಳಿರುವಾಗ, ಸೆಪ್ಟೆಂಬರ್ 22ರಿಂದ ತುಪ್ಪದ ಜಿಎಸ್‌ಟಿ ಶೇಕಡಾ 12ರಿಂದ 5ಕ್ಕೆ ಇಳಿದು ದರ 610 ಆಯಿತು. ಆ 40 ರೂಪಾಯಿಯನ್ನು ಯಾರೂ ಕೇಳುತ್ತಿರಲಿಲ್ಲ. ಅವರಾಗಿಯೇ ಅರ್ಧ ಕಿಲೋ ಬೆಲ್ಲ ಹೆಚ್ಚಿಗೆ ಹಾಕಿ, ಸಾಮಾನಿನ ಪಟ್ಟಿಯಲ್ಲಿ "ತುಪ್ಪದ ವ್ಯತ್ಯಾಸ" ಎಂದು ಬರೆದಿದ್ದರು.

ಎಣ್ಣೆಯ ವಿಷಯದಲ್ಲಿ ಮಾತ್ರ ನನಗೆ ತಕರಾರಿದೆ. ಒಂದು ಲೀಟರ್ ಸೂರ್ಯಕಾಂತಿ ಎಣ್ಣೆ ಸುಮಾರು 910 ಗ್ರಾಂ ತೂಗಬೇಕು. ಬಂದ ಮೂರು ಪ್ಯಾಕೆಟ್‌ಗಳಲ್ಲಿ ಎರಡು 850 ಗ್ರಾಮಿನವು. ಗಾತ್ರ ಅದೇ, ಬಣ್ಣ ಅದೇ, ಮೂಲೆಯಲ್ಲಿ ಇರುವೆಯಷ್ಟು ಅಕ್ಷರ. ಕಾರ್ಡಿನಲ್ಲಿ "ಎಣ್ಣೆ 3" ಎಂದಷ್ಟೇ ಇತ್ತು, ಲೀಟರ್ ಎಂದು ಇರಲಿಲ್ಲ. ಹೇಳಿದಾಗ ಶೆಟ್ಟರು ಕನ್ನಡಕ ಏರಿಸಿ ಪ್ಯಾಕೆಟ್ ಓದಿ, "ನನಗೂ ಹೀಗೇ ಬಂತಲ್ಲ ಸ್ವಾಮಿ" ಎಂದರು. ಬಂದದ್ದನ್ನು ನೋಡಿ ಕೊಡಬೇಕಾದವರು ಅವರೇ ತಾನೆ?

ಅಂಗಡಿ ದರದಲ್ಲಿ ಕೂಡಿಸಿದರೆ ಸಾಮಾನಿನ ಮೊತ್ತ 3,570ರ ಆಸುಪಾಸು ಬಂತು. ಅದೇ 300ನ್ನು ಬ್ಯಾಂಕಿನಲ್ಲಿ ತಿಂಗಳ ಠೇವಣಿಯಾಗಿ ಶೇಕಡಾ ಆರೂವರೆಗೆ ಇಟ್ಟಿದ್ದರೆ ಸುಮಾರು 125 ರೂಪಾಯಿ ಬಡ್ಡಿ ಸಿಗುತ್ತಿತ್ತು. ಆ ಬಡ್ಡಿಯ ಬದಲಿಗೆ ಶೆಟ್ಟರು ಕೊಟ್ಟದ್ದು ಹೂಕುಂಡ, ಭೂಚಕ್ರ, ಸುರುಸುರು ಬತ್ತಿ ಇದ್ದ ಪುಟ್ಟ ಪೆಟ್ಟಿಗೆ. ಲೆಕ್ಕದಲ್ಲಿ ಹೆಚ್ಚು ಕಡಿಮೆ ಸರಿಸಮ. ಇಷ್ಟೇ ಆಗಿದ್ದರೆ ನಾನು ಬರೆಯಲು ಕೂರುತ್ತಿರಲಿಲ್ಲ.

ಪಕ್ಕದ ಮನೆಯಾಕೆ ಪೀಣ್ಯದ ಕಡೆ ಗಾರ್ಮೆಂಟ್ಸ್‌ನಲ್ಲಿ ಹೊಲಿಗೆ ಕೆಲಸಕ್ಕೆ ಹೋಗುತ್ತಾಳೆ. ಗಂಡ ಆಟೋ ಓಡಿಸುತ್ತಾನೆ. ಇಬ್ಬರು ಮಕ್ಕಳು. ಮೇ ತಿಂಗಳ ಕೊನೆಯಲ್ಲಿ ಗಂಡ ಮೆಟ್ಟಿಲಲ್ಲಿ ಜಾರಿ ಕಾಲು ಮುರಿದುಕೊಂಡ, ರಾಡ್ ಹಾಕಿದರು. ಗಾರ್ಮೆಂಟ್ಸ್‌ನ ಹೆಣ್ಣುಮಕ್ಕಳಿಗೆ ದೀಪಾವಳಿಯ ಆಸೆಯೆಲ್ಲ ಬೋನಸ್ಸಿನಲ್ಲಿರುತ್ತದೆ: ಕಾನೂನಿನ ಕನಿಷ್ಠ ಶೇಕಡಾ 8.33, ಅಂದರೆ ಹೆಚ್ಚು ಕಡಿಮೆ ಒಂದು ತಿಂಗಳ ಸಂಬಳ. ಆ ವರ್ಷದ ಬೋನಸ್ಸು ಬರುವ ಮೊದಲೇ ಆಸ್ಪತ್ರೆಯ ಸಾಲಕ್ಕೆ ಮಾತು ಕೊಟ್ಟಾಗಿತ್ತು. ಇದನ್ನು ಆಕೆ ಹೇಳಲಿಲ್ಲ. ಗೋಡೆ ತೆಳು.

ಸೆಪ್ಟೆಂಬರಿನಲ್ಲಿ ನನ್ನ ಕಂತು ಕಟ್ಟಲು ಹೋಗಿದ್ದೆ. ಬಿಸ್ಕತ್ತಿನ ಡಬ್ಬದಲ್ಲಿ ನನ್ನ ಕಾರ್ಡಿನ ಹಿಂದೆಯೇ ಅವಳ ಕಾರ್ಡು. ಏಳು ಮೊಹರು, ಆಮೇಲೆ ಖಾಲಿ. ಶೆಟ್ಟರು ತಟ್ಟನೆ ಅಂಗೈ ಮುಚ್ಚಿ, "ಅದು ನಿಮ್ಮದಲ್ಲ ಸ್ವಾಮಿ" ಎಂದರು. ನಡುವೆ ನಿಲ್ಲಿಸಿದವರಿಗೆ ಕಟ್ಟಿದಷ್ಟಕ್ಕೆ ಸಾಮಾನು, ಅದೂ ಹಬ್ಬ ಕಳೆದ ಮೇಲೆ ಎಂಬುದು ಚೀಟಿಯ ನಿಯಮ. ನಿಯಮದಲ್ಲಿ ತಪ್ಪಿಲ್ಲ. ಆದರೆ ವಠಾರದ ಒಂಬತ್ತು ಮನೆಗಳಲ್ಲಿ ಆರು ಮನೆಯವರು ಕಾರ್ಡು ಹಾಕಿದ್ದೆವು. ತಳ್ಳುಗಾಡಿ ಬಂದು ಐದು ಬಾಗಿಲಲ್ಲಿ ನಿಂತು ಆರನೆಯದನ್ನು ದಾಟಿ ಹೋದರೆ ಆ ಮಕ್ಕಳು ಎಲ್ಲಿ ನೋಡಬೇಕು?

ನಾನು 1,500 ತೆಗೆದು ಮೇಜಿನ ಮೇಲಿಟ್ಟೆ. ಐದು ಚೌಕದ ದುಡ್ಡು. ಶೆಟ್ಟರು ತಕ್ಷಣ ಮುಟ್ಟಲಿಲ್ಲ.

"ಕೊಟ್ಟಿರಿ ಎಂದು ಹೇಳಲೇ?"

"ಬೇಡ."

"ಯಾರೋ ಕೊಟ್ಟರು ಎಂದರೆ ಆ ಹೆಣ್ಣುಮಗಳು ಸಾಮಾನು ವಾಪಸು ಕಳಿಸುತ್ತಾಳೆ. ಅಂಗಡಿಯ ಬಾಕಿ ಎಂದು ಹೇಳುತ್ತೇನೆ. ಆದಾಗ ಕೊಡಲಿ."

ಆ ಮಾತು ನನಗೆ ಹೊಳೆದಿರಲಿಲ್ಲ. ಸುಳ್ಳೇ ಹೌದು, ಆದರೆ ಅಳತೆಗೆ ಹೊಲಿದ ಸುಳ್ಳು. ಖಾಲಿ ಚೌಕಗಳಿಗೆಲ್ಲ ನನ್ನೆದುರೇ ಮೊಹರು ಒತ್ತಿ, ಪ್ರತಿಯೊಂದರ ಮೂಲೆಯಲ್ಲೂ ಪೆನ್ಸಿಲಿನಲ್ಲಿ ಸಣ್ಣದಾಗಿ "ಬಾ" ಎಂದು ಬರೆದರು. ಬಾಕಿಯ ಬಾ. ಪೆನ್ಸಿಲ್ ಏಕೆ ಎಂದರೆ, "ಅಳಿಸಬೇಕಲ್ಲ" ಎಂದರು.

ಅದೇ ಬೀದಿಯಲ್ಲಿ, ಅದೇ ವಾರ, ಸ್ಥಳೀಯ ಮುಖಂಡರೊಬ್ಬರ ಹಬ್ಬದ ಕಿಟ್ ವಿತರಣೆಯೂ ನಡೆಯಿತು. ಶಾಮಿಯಾನ, ಫ್ಲೆಕ್ಸು, ಚೀಲದ ಮೇಲೆ ಅವರದೇ ಮುಖ. ಬಿಸಿಲಲ್ಲಿ ಸಾಲು ನಿಂತು, ಚೀಲ ಕೈಗೆ ಬರುವಾಗ ಕ್ಯಾಮೆರಾ ನೋಡಬೇಕು. ಅಕ್ಕಿ ಅಕ್ಕಿಯೇ, ಬೇಯಿಸಿದರೆ ಹಸಿವು ಹೋಗುತ್ತದೆ, ತೆಗೆದುಕೊಂಡವರನ್ನು ನಾನು ಆಡಿಕೊಳ್ಳುವುದಿಲ್ಲ. ಪಕ್ಕದ ಮನೆಯಾಕೆ ಹೋಗಲಿಲ್ಲ. ಅವಳು ಹೋಗುವುದಿಲ್ಲವೆಂದು ನನಗೆ ಗೊತ್ತಿತ್ತು. ಶಕ್ತಿ ಯೋಜನೆ 2023ರ ಜೂನ್ 11ರಂದು ಶುರುವಾದಾಗ ನಾನು ಇನ್ನೂ ಕೆಲಸದಲ್ಲಿದ್ದೆ. ದುಡ್ಡಿಲ್ಲದಿದ್ದರೂ ಶೂನ್ಯ ದರದ ಟಿಕೆಟ್ ಹರಿದುಕೊಡಬೇಕಿತ್ತು, ಹೆಂಗಸರು ಅದನ್ನು ಮಡಿಸಿ ಪರ್ಸಿನಲ್ಲಿಟ್ಟುಕೊಳ್ಳುತ್ತಿದ್ದರು. ಚೆಕಿಂಗ್‌ನವರು ಹತ್ತಿದರೆ ತೋರಿಸಲು ಕೈಯಲ್ಲಿ ಒಂದು ಟಿಕೆಟ್ ಇದೆ ಎಂಬುದೇ ಅವರ ಧೈರ್ಯ. ಹಳದಿ ಕಾರ್ಡು ಅವಳಿಗೆ ಅಂಥದ್ದು.

ಅಕ್ಟೋಬರ್ 18, ಶನಿವಾರ ಸಂಜೆ, ನೀರು ತುಂಬುವ ಹಬ್ಬಕ್ಕೆ ಒಂದು ದಿನ ಮೊದಲು ತಳ್ಳುಗಾಡಿ ಬಂತು. ಆರು ಮೂಟೆ, ಆರು ಚೀಲ, ಆರೂ ಒಂದೇ ತರಹ. ಹುಡುಗ ಮನೆ ನಂಬರ್ ಕೂಗಿ ಇಳಿಸುತ್ತಾ ಹೋದ. ಪಕ್ಕದ ಬಾಗಿಲಲ್ಲಿ ಆಕೆ ಸ್ವಲ್ಪ ಹೊತ್ತು ಸುಮ್ಮನೆ ನಿಂತಿದ್ದಳು. "ನಮ್ಮದು ಬಾಕಿ ಇದೆಯಲ್ಲ" ಎಂದದ್ದು ಕೇಳಿಸಿತು. "ಶೆಟ್ಟರು ಆಮೇಲೆ ನೋಡೋಣ ಎಂದಿದ್ದಾರೆ ಅಕ್ಕ" ಎಂದು ಹುಡುಗ ಗಾಡಿ ತಿರುಗಿಸಿದ. ಅವನಿಗೂ ನಿಜ ಗೊತ್ತಿರಲಿಲ್ಲ, ಅದಕ್ಕೇ ಅಷ್ಟು ಸಲೀಸಾಗಿ ಹೇಳಿದ. ನಾನು ಒಳಗೆ ಟೀವಿಯ ಸದ್ದು ಹೆಚ್ಚು ಮಾಡಿಕೊಂಡು ಕೂತಿದ್ದೆ. ಬಲಿಪಾಡ್ಯಮಿಯ ದಿನ ಮಕ್ಕಳು ಒಂದು ಡಬ್ಬ ಕಜ್ಜಾಯ ತಂದುಕೊಟ್ಟರು. ನಮ್ಮದಕ್ಕಿಂತ ಚೆನ್ನಾಗಿತ್ತು, ಇದನ್ನು ಹೆಂಡತಿಗೆ ಹೇಳಿಲ್ಲ.

ನವೆಂಬರ್ ಎರಡನೇ ಶನಿವಾರ ಶೆಟ್ಟರು ನನ್ನನ್ನು ಕರೆದು ನೂರರ ನೋಟೊಂದನ್ನು ಮುಂದೆ ಹಿಡಿದರು. ಆಕೆ ಬಾಕಿ ತೀರಿಸಲು ಶುರು ಮಾಡಿದ್ದಳು. ಗಂಡ ಅರ್ಧ ದಿನ ಆಟೋ ಓಡಿಸುವಷ್ಟಾಗಿದ್ದ. ವಾರಕ್ಕೆ ನೂರು ಎಂದು ಒಪ್ಪಿಸಿ ಹೋಗಿದ್ದಳಂತೆ. ನನಗೆ ಮೊದಲು ಸಿಟ್ಟೇ ಬಂತು. ಕೊಟ್ಟದ್ದನ್ನು ಕೊಟ್ಟೆ ಎಂದು ಮರೆಯಲೂ ಬಿಡುವುದಿಲ್ಲವಲ್ಲ! ಶೆಟ್ಟರ ಮೇಲೂ ಸಿಟ್ಟು: ಬಾಕಿ ಎಂದದ್ದರಿಂದ ತಾನೆ ಅವಳ ತಲೆಗೆ ಹೊರೆಯಾದದ್ದು? ಮನೆಗೆ ಬಂದು ಹೇಳಿದರೆ ಹೆಂಡತಿ ನಕ್ಕಳು. "ಟಿಕೆಟ್ಟಿನ ಹಿಂದೆ ಎಂಟಾಣೆ ಚಿಲ್ಲರೆ ಬಾಕಿ ಬರೆದುಕೊಟ್ಟು, ಪ್ರಯಾಣಿಕರು ಮರೆತು ಇಳಿದುಹೋದರೆ ರಾತ್ರಿಯೆಲ್ಲ ಹೊರಳಾಡುತ್ತಿದ್ದವರು ಯಾರು? ಅವಳಿಗೂ ನಿದ್ದೆ ಬೇಡವೇ?"

ಆ ನೋಟನ್ನು ನಾನು ತೆಗೆದುಕೊಳ್ಳಲಿಲ್ಲ. ಶೆಟ್ಟರೂ ಗಲ್ಲಾಪೆಟ್ಟಿಗೆಗೆ ಹಾಕಿಕೊಳ್ಳಲಿಲ್ಲ. ಅವರು ಜೇಬಿಗಿಳಿಸಿದ್ದರೆ ನನಗೆ ಗೊತ್ತಾಗುವ ದಾರಿಯೇ ಇರಲಿಲ್ಲ ಎಂಬುದನ್ನು ಓದುವವರು ಗಮನಿಸಬೇಕು. ಹೊಸದೊಂದು ಹಳದಿ ಕಾರ್ಡು ತೆಗೆದು, ಹೆಸರಿನ ಜಾಗ ಖಾಲಿ ಬಿಟ್ಟು, ಅದರಲ್ಲಿ ಜಮಾ ಮಾಡಿಕೊಳ್ಳುತ್ತಿದ್ದಾರೆ. ಹೆಸರು ಹಬ್ಬದ ಹೊತ್ತಿಗೆ ಸಿಗುತ್ತದೆ ಎಂದರು.

ಸಂಕ್ರಾಂತಿಯ ಹಿಂದಿನ ಶನಿವಾರಕ್ಕೆ ಹತ್ತು ವಾರವಾಯಿತು, ಸಾವಿರ ರೂಪಾಯಿ. ಮೂರು ಚೌಕಗಳ "ಬಾ" ಅಳಿಸಿದೆ, ನಾಲ್ಕನೆಯದರಲ್ಲಿ ನೂರು ಸೇರಿದೆ. ಎಳ್ಳು ಬೀರಲು ಬಂದಾಗ ಆಕೆ ನನ್ನ ಹೆಂಡತಿಯ ಕೈಗೆ ತಟ್ಟೆ ಕೊಟ್ಟು, "ಶೆಟ್ಟರು ಒಳ್ಳೆಯವರು ಅಕ್ಕ, ನನಗೆ ಐದು ತಿಂಗಳು ಬಾಕಿ ಬಿಟ್ಟಿದ್ದರು" ಎಂದಳು. "ಹೌದಾ?" ಎಂದಳು ಹೆಂಡತಿ. ಬಸ್ಸಿನಲ್ಲಿ ಎಷ್ಟೋ ಜನ ನನ್ನ ಮುಂದೆ ನಟಿಸಿದ್ದಾರೆ, ಇಷ್ಟು ಚೆನ್ನಾಗಿ ಯಾರೂ ನಟಿಸಿಲ್ಲ.

ಅಂಗಡಿಗೆ ಹತ್ತಕ್ಕೆ ಎಂಟು. ಎಣ್ಣೆಗೆ ಒಂದು ಕಳೆದೆ. ತೇವದ ಮೆಣಸಿನಕಾಯಿಗೆ ಅರ್ಧ, ಫೋನ್ ಮಾಡಿದರೆ ಎತ್ತದೇ ಇರುವುದಕ್ಕೆ ಇನ್ನರ್ಧ. ಈ ಸಾಲಿನ ಕಂತು 350 ಆಗಿದೆ. 2025ರ ನವೆಂಬರಿನಲ್ಲಿ ನಂದಿನಿ ತುಪ್ಪ ಲೀಟರಿಗೆ 700 ಆದದ್ದೇ ಕಾರಣ ಎಂದರು, ಆ 90 ರೂಪಾಯಿಗೆ ವರ್ಷಕ್ಕೆ 600 ಹೆಚ್ಚಿಸುವುದು ಯಾವ ಲೆಕ್ಕ ಎಂದು ಕೇಳಿದ್ದೇನೆ, ಇನ್ನೂ ಉತ್ತರ ಬಂದಿಲ್ಲ. "ಎಣ್ಣೆ 3" ಎಂದಿದ್ದದ್ದು ಮಾತ್ರ "ಎಣ್ಣೆ 3 ಲೀಟರ್" ಆಗಿದೆ. ನಿಮ್ಮ ಬೀದಿಯಲ್ಲೂ ಇಂಥ ಚೀಟಿ ಇದ್ದರೆ ಕಾರ್ಡಿನ ಹಿಂಬದಿ ಓದಿಯೇ ದುಡ್ಡು ಕೊಡಿ. ನಮ್ಮ ಶೆಟ್ಟರ ಅಂಗಡಿ ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಮುಚ್ಚಿರುತ್ತದೆ. ಶನಿವಾರ ಸಂಜೆ ಆರರಿಂದ ಏಳರ ನಡುವೆ ನಾನು ಆ ಕಡೆ ಹೋಗುವುದಿಲ್ಲ, ಆಕೆ ಬರುವ ಹೊತ್ತು ಅದು.