ಟೆಂಪೊ ಮನೆಗೆ ಯಾವ ಇಂಟರ್‌ನೆಟ್? ಫೋನ್, ಡಾಂಗಲ್, ರೂಟರ್ ಮೂರನ್ನೂ ಬಳಸಿದ ಮೇಲೆ

ಟೆಂಪೊ ಟ್ರಾವೆಲರ್ ಒಂದನ್ನು ಮನೆ ಮಾಡಿಕೊಂಡು ತುಮಕೂರು ಜಿಲ್ಲೆಯಲ್ಲಿ ತಾಲೂಕಿನಿಂದ ತಾಲೂಕಿಗೆ ಸಾಗುತ್ತಾ ಬದುಕುವ ನಮಗೆ ಇಂಟರ್‌ನೆಟ್ ಅನ್ನದ ಪ್ರಶ್ನೆ. ನನ್ನ ಹೆಂಡತಿ ಸಂಜೆ ಆರರಿಂದ ಎಂಟರವರೆಗೆ ಹತ್ತನೆಯ ತರಗತಿಯ ಮಕ್ಕಳಿಗೆ ಆನ್‌ಲೈನ್‌ನಲ್ಲಿ ಗಣಿತ ಪಾಠ ಮಾಡುತ್ತಾಳೆ. ನಾನು ಪುಸ್ತಕಗಳ ಪುಟ ವಿನ್ಯಾಸ ಮಾಡಿ ಪಿಡಿಎಫ್ ಕಡತಗಳನ್ನು ಬೆಂಗಳೂರಿನ ಮುದ್ರಣಾಲಯಗಳಿಗೆ ಕಳಿಸುತ್ತೇನೆ. ಸಿನಿಮಾ ನೋಡಲು ಬೇಕಾಗುವ ಡೌನ್‌ಲೋಡ್ ವೇಗ ನಮಗೆ ಅಷ್ಟಾಗಿ ಬೇಕಿಲ್ಲ. ಸಂಪರ್ಕ ಕಡಿಯಬಾರದು, ಅಪ್‌ಲೋಡ್ ಚೆನ್ನಾಗಿರಬೇಕು, ಅದೂ ಊರಿನವರೆಲ್ಲ ಫೋನ್ ಹಿಡಿದು ಕೂರುವ ಸಂಜೆ ಹೊತ್ತಿನಲ್ಲಿ. ವಾಹನದಲ್ಲಿ ವಾಸಿಸಲು ಹೊರಟವರು ತಮ್ಮ ಕೆಲಸಕ್ಕೆ ಬೇಕಾದದ್ದು ಡೌನ್‌ಲೋಡ್ ವೇಗವೋ, ಕಡಿಯದ ಸಂಪರ್ಕ ಮತ್ತು ಅಪ್‌ಲೋಡೋ ಎಂದು ಮೊದಲು ನಿರ್ಧರಿಸಿಕೊಂಡರೆ ಬೇಡದ ಖರ್ಚು ಬಹಳ ತಪ್ಪುತ್ತದೆ.

ನಾವು ಕಂಡುಕೊಂಡದ್ದನ್ನು ಮೊದಲೇ ಹೇಳಿಬಿಡುತ್ತೇನೆ. ಒಂದು ದುಬಾರಿ ಪ್ಯಾಕ್ ಹಾಕಿಸಿಕೊಂಡು ಅದನ್ನೇ ನಂಬುವುದಕ್ಕಿಂತ ಬೇರೆ ಬೇರೆ ಕಂಪನಿಗಳ ಎರಡು ಸಾಧಾರಣ ಪ್ಯಾಕ್‌ಗಳು, ಅವುಗಳಲ್ಲಿ ಒಂದನ್ನು ವಾಹನದ ಚಾವಣಿಗಿಂತ ಮೇಲಕ್ಕೆ ಏರಿಸುವ ವ್ಯವಸ್ಥೆ, ಇವು ಹೆಚ್ಚು ಕೆಲಸಕ್ಕೆ ಬರುತ್ತವೆ. ಉಳಿದದ್ದೆಲ್ಲ ಇದರ ವಿವರ.

ಫೋನಿನ ಹಾಟ್‌ಸ್ಪಾಟ್‌ನಿಂದಲೇ ಎಲ್ಲರೂ ಶುರು ಮಾಡುತ್ತಾರೆ, ಮಾಡಬೇಕಾದದ್ದೂ ಹಾಗೆಯೇ. ಹೊಸ ಖರ್ಚಿಲ್ಲ. ಎರಡು ಸಿಮ್ ಇರುವ ಫೋನಾದರೆ ಒಂದು ಕೈಕೊಟ್ಟಾಗ ಇನ್ನೊಂದಕ್ಕೆ ಹೊರಳಬಹುದು. 5ಜಿ ಇರುವ ಊರಿನಲ್ಲಂತೂ ಇದರ ಮುಂದೆ ಉಳಿದವು ನಿಲ್ಲುವುದಿಲ್ಲ. 2024ರ ಜುಲೈನಲ್ಲಿ ಖಾಸಗಿ ಕಂಪನಿಗಳು ದರ ಏರಿಸಿದಾಗ ಜಿಯೊ ಮತ್ತು ಏರ್‌ಟೆಲ್ ಎರಡೂ ಮಿತಿಯಿಲ್ಲದ 5ಜಿಯನ್ನು ದಿನಕ್ಕೆ 2 ಜಿಬಿ ಅಥವಾ ಅದಕ್ಕಿಂತ ಹೆಚ್ಚಿನ ಪ್ಯಾಕ್‌ಗಳಿಗೆ ಸೀಮಿತಗೊಳಿಸಿದವು. ಅಂಥ ಪ್ಯಾಕ್ ಮತ್ತು 5ಜಿ ಫೋನ್ ಇದ್ದರೆ ತುಮಕೂರು ನಗರದಲ್ಲಿ ನಿಂತ ದಿನ ದೊಡ್ಡ ಕಡತಗಳನ್ನೆಲ್ಲ ಕಳಿಸಿ ಮುಗಿಸಬಹುದು. ಸಿಮ್ ಹಾಕಿದರೆ ವೈಫೈ ಕೊಡುವ ಸಾಧನಗಳಾದ ಡಾಂಗಲ್ ಮತ್ತು ರೂಟರ್‌ಗಳಲ್ಲಿ ಅಗ್ಗದವು 4ಜಿಯವು. ಅವುಗಳಿಗೆ ಅದೇ ಸಿಮ್ ಹಾಕಿದರೆ ಮಿತಿಯಿಲ್ಲದ 5ಜಿ ಸಿಗುವುದಿಲ್ಲ, ದಿನದ 2 ಜಿಬಿಯೇ ಕರಗುತ್ತದೆ. ಇದನ್ನು ಅಂಗಡಿಯವರು ತಾವಾಗಿ ಹೇಳುವುದಿಲ್ಲ.

ಆದರೆ ಫೋನ್ ಬಿಸಿಯಾಗುತ್ತದೆ. ಏಪ್ರಿಲ್ ತಿಂಗಳ ಪಾವಗಡದಲ್ಲಿ, ಬಿಸಿಲಿಗೆ ಕಾದ ಟೆಂಪೊದ ಒಳಗೆ, ಚಾರ್ಜಿಗೆ ಹಾಕಿ ಹಾಟ್‌ಸ್ಪಾಟ್ ಹಚ್ಚಿದ ಫೋನನ್ನು ಕೈಯಲ್ಲಿ ಹಿಡಿಯುವುದೇ ಕಷ್ಟ. ಕಾದ ಫೋನ್ ತನ್ನ ವೇಗವನ್ನು ತಾನೇ ಇಳಿಸಿಕೊಳ್ಳುತ್ತದೆ, ಬ್ಯಾಟರಿ ಬೇಗ ಸೊರಗುತ್ತದೆ. ಪಾಠದ ನಡುವೆ ಕರೆ ಬಂದರೆ ಕೆಲವು ಫೋನ್‌ಗಳಲ್ಲಿ ಇಂಟರ್‌ನೆಟ್ ತಡವರಿಸುತ್ತದೆ. ಜೊತೆಗೆ, ಫೋನ್ ಮನೆಯೊಳಗೆ ಇರುತ್ತದೆ, ನಮ್ಮ ಮನೆಗೆ ಸುತ್ತಲೂ ತಗಡು.

ಈ ತಗಡಿನ ವಿಷಯಕ್ಕೆ ಸ್ವಲ್ಪ ಹೊತ್ತು ಕೊಡಬೇಕು, ಏಕೆಂದರೆ ಪ್ಯಾಕ್ ಬದಲಿಸಿ ಬದಲಿಸಿ ಸೋತವರು ಇದನ್ನು ನೋಡಿರುವುದಿಲ್ಲ. ಲೋಹದ ಮೈ ರೇಡಿಯೊ ಅಲೆಗಳನ್ನು ತಡೆಯುತ್ತದೆ, ಕಿಟಕಿಗಳಿಂದ ನುಸುಳಿ ಬಂದಷ್ಟೇ ನಮ್ಮ ಪಾಲು. ಫೋನಿನ ಮೇಲೆ ಕಾಣುವ ಕಡ್ಡಿಗಳನ್ನು ನಂಬಬೇಡಿ. ಸಿಗ್ನಲ್‌ನ ನಿಜವಾದ ಅಳತೆ ತೋರಿಸುವ ನೆಟ್‌ಮಾನ್‌ಸ್ಟರ್‌ನಂಥ ಉಚಿತ ಆಪ್‌ಗಳಿವೆ. ಅದರಲ್ಲಿ ಆರ್‌ಎಸ್‌ಆರ್‌ಪಿ ಎಂಬ ಋಣ ಸಂಖ್ಯೆ ಕಾಣುತ್ತದೆ. ಮೈನಸ್ 90ರ ಆಸುಪಾಸು ಇದ್ದರೆ ಒಳ್ಳೆಯದು, ಮೈನಸ್ 110ಕ್ಕಿಂತ ಕೆಳಗಿಳಿದರೆ ವಿಡಿಯೊ ಪಾಠದ ಆಸೆ ಬಿಡಬೇಕು. ತಿಪಟೂರಿನ ಹತ್ತಿರ ಒಂದು ತೆಂಗಿನ ತೋಟದಲ್ಲಿ ನಿಂತಿದ್ದಾಗ ಹಾಸಿಗೆಯ ಪಕ್ಕದಲ್ಲಿ ಮೈನಸ್ 116 ಇತ್ತು, ಹಿಂದಿನ ಕಿಟಕಿಯಲ್ಲಿ 108, ಚಾವಣಿಯ ಮೇಲೆ 99. ಒಳಗಿಗೂ ಮೇಲಕ್ಕೂ ಹದಿನೇಳು ಡೆಸಿಬೆಲ್ ವ್ಯತ್ಯಾಸ, ಅಂದರೆ ಸುಮಾರು ಐವತ್ತು ಪಟ್ಟು ಶಕ್ತಿ. ಒಂದು ರೂಪಾಯಿಯ ರೀಚಾರ್ಜ್ ಇಲ್ಲದೆ ಸಿಕ್ಕಿದ್ದು ಅದು. ತೋಟದ ಯಜಮಾನರು ನಾವು ಕೇಳುವ ಮೊದಲೇ ಹೇಳಿದ್ದರು: "ಇಲ್ಲಿ ಟವರ್ ಸಿಗುವುದಿಲ್ಲ ಸ್ವಾಮಿ, ಗಾಡಿಯನ್ನು ಪಂಪ್‌ಸೆಟ್ ಮನೆಯ ಕಡೆ ತಿರುಗಿಸಿಕೊಳ್ಳಿ." ಅವರ ಮಾತು ಆಪ್‌ನ ಸಂಖ್ಯೆಗೆ ಸರಿಯಾಗಿ ತಾಳೆಯಾಯಿತು. ಯಾವ ಬದುವಿನ ಮೇಲೆ ನಿಂತರೆ ಯಾವ ಸಿಮ್ ಹಿಡಿಯುತ್ತದೆ ಎಂಬುದು ಪ್ರತಿ ಹಳ್ಳಿಯವರಿಗೂ ಗೊತ್ತಿರುತ್ತದೆ. ಕೇಳಲು ಸಂಕೋಚ ಬೇಡ.

ಇಲ್ಲಿಂದಲೇ ಡಾಂಗಲ್ ಗೆಲ್ಲಲು ಶುರುವಾಗುತ್ತದೆ. ಜೇಬಿನಲ್ಲಿ ಹಿಡಿಸುವ, ತನ್ನದೇ ಬ್ಯಾಟರಿಯ ವೈಫೈ ಡಾಂಗಲ್ ಎರಡು ಸಾವಿರ ರೂಪಾಯಿಯ ಆಸುಪಾಸಿನಲ್ಲಿ ಸಿಗುತ್ತದೆ. ಅದರ ದೊಡ್ಡ ಗುಣ ಎಂದರೆ ಅದನ್ನು ನಮ್ಮಿಂದ ದೂರ ಇಡಬಹುದು. ನಾವು ಅದನ್ನು ಮುಚ್ಚಳವಿರುವ ಪ್ಲಾಸ್ಟಿಕ್ ಡಬ್ಬಿಯಲ್ಲಿಟ್ಟು, ಮಾವಿನಕಾಯಿ ಕೀಳುವ ದೋಟಿಯ ತುದಿಗೆ ಕಟ್ಟಿ, ಟೆಂಪೊದ ಹಿಂದಿನ ಏಣಿಗೆ ನಿಲ್ಲಿಸುತ್ತೇವೆ. ಮೇಲೆ ಡಾಂಗಲ್ ಟವರ್ ಹಿಡಿಯುತ್ತದೆ, ಅಲ್ಲಿಂದ ವೈಫೈ ಕಿಟಕಿಯ ಮೂಲಕ ಒಳಗೆ ಬರುತ್ತದೆ. ವೈಫೈಯನ್ನು 2.4 ಗಿಗಾಹರ್ಟ್ಜ್‌ನಲ್ಲೇ ಇಟ್ಟುಕೊಳ್ಳಿ, ಇಷ್ಟು ದೂರಕ್ಕೆ ಅದೇ ಸರಿ. ಡಬ್ಬಿಗೆ ನೇರ ಬಿಸಿಲು ಬೀಳದಂತೆ ಬಿಳಿ ಬಟ್ಟೆ ಸುತ್ತಬೇಕು. ಮಧ್ಯಾಹ್ನ ಕೆಳಗಿಳಿಸಿ ಸಂಜೆ ಏರಿಸುವುದು ಇನ್ನೂ ಒಳ್ಳೆಯದು, ಲಿಥಿಯಂ ಬ್ಯಾಟರಿಗೆ ಬಿಸಿಲು ಶತ್ರು.

ಕೊಳ್ಳುವಾಗ ಎರಡು ಸಂಗತಿ ನೋಡಬೇಕು. ಕೆಲವು ಡಾಂಗಲ್‌ಗಳು ಒಂದೇ ಕಂಪನಿಯ ಸಿಮ್‌ಗೆ ಬೀಗ ಹಾಕಿಕೊಂಡು ಬರುತ್ತವೆ. ಎಲ್ಲ ಸಿಮ್‌ಗಳನ್ನೂ ಹಿಡಿಯುವಂಥದ್ದನ್ನೇ ಕೇಳಿ ಪಡೆಯಿರಿ. ಎರಡನೆಯದು ಬ್ಯಾಂಡ್, ಅಂದರೆ ಕಂಪನಿ ಬಳಸುವ ಅಲೆಗಳ ಆವರ್ತನದ ಶ್ರೇಣಿ. ಹಳ್ಳಿಗಾಡಿನಲ್ಲಿ ದೂರ ಮುಟ್ಟುವುದು ಕಡಿಮೆ ಆವರ್ತನದ ಅಲೆಗಳು: ಜಿಯೊಗೆ 850 ಮೆಗಾಹರ್ಟ್ಜ್, ಅಂದರೆ ಬ್ಯಾಂಡ್ 5, ಏರ್‌ಟೆಲ್ ಮತ್ತು ವೊಡಾಫೋನ್ ಐಡಿಯಾಗೆ 900, ಅಂದರೆ ಬ್ಯಾಂಡ್ 8, ಬಿಎಸ್‌ಎನ್‌ಎಲ್ 4ಜಿಗೆ 700, ಅಂದರೆ ಬ್ಯಾಂಡ್ 28. 2300ರ ಬ್ಯಾಂಡ್ 40 ಊರೊಳಗೆ ವೇಗ ಕೊಡುತ್ತದೆ, ತೆಂಗಿನ ಗರಿಗಳ ನಡುವೆ ಬಳಲುತ್ತದೆ. ಅಗ್ಗದ ಡಾಂಗಲ್‌ಗಳಲ್ಲಿ ಬ್ಯಾಂಡ್ 28 ಇಲ್ಲದಿರುವುದು ಸಾಮಾನ್ಯ. ಬಿಎಸ್‌ಎನ್‌ಎಲ್ ಸಿಮ್ ಹಾಕುವ ಯೋಚನೆಯಿದ್ದರೆ ಪೆಟ್ಟಿಗೆಯ ಮೇಲಿನ ಸಣ್ಣ ಅಕ್ಷರಗಳನ್ನು ಓದಿಯೇ ಹಣ ಕೊಡಿ.

ರೂಟರ್ ಇದಕ್ಕಿಂತ ಮೇಲಿನ ದರ್ಜೆಯದು. 12 ವೋಲ್ಟ್‌ನಲ್ಲಿ ನಡೆಯುವ 4ಜಿ ರೂಟರ್ ಸೋಲಾರ್ ಬ್ಯಾಟರಿಗೆ ಹೇಳಿ ಮಾಡಿಸಿದಂತಿದೆ, ಇನ್ವರ್ಟರ್ ಬೇಕಿಲ್ಲ. ಆದರೆ ನೇರವಾಗಿ ತಂತಿ ಕೊಡಬಾರದು. ಚಾರ್ಜ್ ಆಗುವ ಹೊತ್ತಿನಲ್ಲಿ ಬ್ಯಾಟರಿ 14 ವೋಲ್ಟ್ ದಾಟುತ್ತದೆ, ನಡುವೆ 12ಕ್ಕೆ ಸ್ಥಿರಗೊಳಿಸುವ ಸಣ್ಣ ಕನ್ವರ್ಟರ್ ಇರಲಿ. ತಿರುಪು ಬಿಚ್ಚಿ ಹೊರಗಿನ ಆಂಟೆನಾ ಕೂರಿಸಬಹುದಾದ ಮಾದರಿಯಾದರೆ ಇನ್ನೂ ಅನುಕೂಲ. ಚಾವಣಿಯ ಮೇಲೆ ಆಂಟೆನಾ ಕೂರಿಸಿ ಉದ್ದನೆಯ ತೆಳು ಕೇಬಲ್ ಎಳೆದರೆ ಮಾತ್ರ ಆಂಟೆನಾ ದುಡಿದದ್ದನ್ನೆಲ್ಲ ಕೇಬಲ್ ತಿಂದುಹಾಕುತ್ತದೆ. ಆಂಟೆನಾದ ನೇರ ಕೆಳಗೇ ರೂಟರ್ ಇಟ್ಟು ಕೇಬಲನ್ನು ಒಂದೆರಡು ಮೀಟರಿಗೆ ಮುಗಿಸಬೇಕು.

ರೂಟರ್ ಬಳಸುವ ಎಲ್ಲರಿಗೂ ಇನ್ನೊಂದು ಮಾತು: ಬ್ಯಾಂಕಿಗೆ ಕೊಟ್ಟ ನಂಬರಿನ ಸಿಮ್ಮನ್ನು ಅದಕ್ಕೆ ಹಾಕಬೇಡಿ. ಒಟಿಪಿ ರೂಟರಿನ ಹೊಟ್ಟೆಯೊಳಗೆ ಬಂದು ಕೂತಿರುತ್ತದೆ, ಲಾಗಿನ್ ಆಗಿ ಹುಡುಕುವಷ್ಟರಲ್ಲಿ ಅವಧಿ ಮುಗಿದಿರುತ್ತದೆ. ಬ್ಯಾಂಕಿನ ನಂಬರ್ ಫೋನಿನಲ್ಲೇ ಇರಲಿ. ಡೇಟಾ ಇಲ್ಲದ, ಕರೆ ಮತ್ತು ಎಸ್‌ಎಂಎಸ್ ಮಾತ್ರ ಇರುವ ಪ್ಯಾಕ್‌ಗಳನ್ನೂ ಕೊಡಬೇಕೆಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ 2024ರ ಡಿಸೆಂಬರ್‌ನಲ್ಲಿ ಕಂಪನಿಗಳಿಗೆ ಹೇಳಿದೆ. ಆ ನಂಬರಿಗೆ ಅಂಥದ್ದೇ ಸಾಕು.

ರೂಟರೋ ಡಾಂಗಲ್ಲೋ? ಒಂದೇ ಜಾಗದಲ್ಲಿ ವಾರಗಟ್ಟಲೆ ನಿಲ್ಲುವವರಿಗೆ ರೂಟರ್. ನಮ್ಮ ಹಾಗೆ ಮೂರು ನಾಲ್ಕು ದಿನಕ್ಕೆ ಹೊರಡುವವರಿಗೆ ಡಾಂಗಲ್. ಕೇಬಲ್, ಕನ್ವರ್ಟರ್, ಆಂಟೆನಾ ಎಲ್ಲ ಸೇರಿ ರೂಟರ್ ಡಾಂಗಲ್‌ನ ಎರಡು ಪಟ್ಟಿಗಿಂತ ಹೆಚ್ಚು ಬೀಳುತ್ತದೆ, ಅಷ್ಟು ಕೊಟ್ಟರೂ ದೋಟಿಯ ಎತ್ತರಕ್ಕೆ ಅದು ಏರುವುದಿಲ್ಲ. ಎತ್ತರದ ಲಾಭವನ್ನು ಒಮ್ಮೆ ಕಂಡವರು ಬಿಟ್ಟುಕೊಡಲಾರರು. ಸಿಗ್ನಲ್ ಬೂಸ್ಟರ್ ಎಂದು ಮಾರುವ ಪೆಟ್ಟಿಗೆಗಳ ತಂಟೆಗೆ ಹೋಗಲೇಬೇಡಿ. ಖಾಸಗಿ ವ್ಯಕ್ತಿಗಳು ಅವನ್ನು ಕೂರಿಸುವುದು ಕಾನೂನುಬಾಹಿರ, ಮತ್ತು ಅವು ಸುತ್ತಲಿನ ಊರಿನವರ ಸಂಪರ್ಕವನ್ನೇ ಕೆಡಿಸುತ್ತವೆ.

ಇನ್ನು ಸಿಮ್. ಯಾವ ಕಂಪನಿ ಒಳ್ಳೆಯದು ಎಂದು ಬಹಳ ಜನ ಕೇಳುತ್ತಾರೆ. ತಾಲೂಕಿಗೊಂದು ಉತ್ತರವಿರುವ ಪ್ರಶ್ನೆ ಇದು, ಆದ್ದರಿಂದ ನಮಗೆ ಕೈಕೊಟ್ಟವರ ಹೆಸರು ಹೇಳಿ ಪ್ರಯೋಜನವಿಲ್ಲ. ಶಿರಾ ದಾಟಿ ಹೆದ್ದಾರಿಯಲ್ಲಿ ಚೆನ್ನಾಗಿ ಓಡಿದ ಸಿಮ್ ಮಧುಗಿರಿಯಲ್ಲಿ ಏಕಶಿಲಾ ಬೆಟ್ಟದ ಹಿಂಬದಿಗೆ ಹೋದೊಡನೆ ಮೌನವಾಗುತ್ತದೆ. ಬಂಡೆ ಅಡ್ಡ ನಿಂತರೆ ಯಾವ ಪ್ಯಾಕ್ ಹಾಕಿಸಿದರೂ ಅಷ್ಟೆ. ದೇವರಾಯನದುರ್ಗದ ಕಡೆಯೂ ಇದೇ ಕಥೆ: ಮೇಲೆ ತುಮಕೂರಿನ ದೀಪಗಳು ಕಾಣುವಲ್ಲಿ ಸಂಪರ್ಕ ಸೊಗಸಾಗಿದೆ, ಕೆಳಗೆ ನಾಮದ ಚಿಲುಮೆಯ ಕಾಡಿನ ತಿರುವುಗಳಲ್ಲಿ ಸಂದೇಶ ಕಳಿಸಲೂ ಕಾಯಬೇಕು. ಮಾರ್ಕೋನಹಳ್ಳಿ ಜಲಾಶಯದ ದಂಡೆಯಲ್ಲಿ ನಮಗೆ ನೆರವಾದದ್ದು ಬಿಎಸ್‌ಎನ್‌ಎಲ್. ದೇಶೀಯವಾಗಿ ರೂಪಿಸಿದ ಅದರ 4ಜಿ ಜಾಲ 2025ರ ಸೆಪ್ಟೆಂಬರ್‌ನಲ್ಲಿ ಅಧಿಕೃತವಾಗಿ ಉದ್ಘಾಟನೆಯಾಯಿತು. ಖಾಸಗಿಯವರು ದರ ಏರಿಸಿದ 2024ರ ಜುಲೈನಲ್ಲಿ ಅದು ಏರಿಸಲಿಲ್ಲ ಎಂಬುದು ನಮ್ಮಂಥವರು ನೆನಪಿಡುವ ಸಂಗತಿ. ಎರಡನೆಯ ಸಿಮ್ ಆಗಿ ಅದನ್ನು ಇಟ್ಟುಕೊಳ್ಳಿ ಎಂದೇ ನನ್ನ ಸಲಹೆ.

ಎರಡು ಸಿಮ್ ಆರಿಸುವಾಗ ಎಚ್ಚರ ವಹಿಸಬೇಕಾದದ್ದು ಇನ್ನೊಂದಿದೆ. ಒಂದೇ ಗೋಪುರದ ಮೇಲೆ ಎರಡು ಮೂರು ಕಂಪನಿಗಳ ಆಂಟೆನಾಗಳು ಇರುವುದು ಇಂದು ಮಾಮೂಲು. ಹಳ್ಳಿಯಲ್ಲಿ ಗಂಟೆಗಟ್ಟಲೆ ಕರೆಂಟ್ ಹೋಗಿ ಗೋಪುರದ ಬ್ಯಾಟರಿಯೂ ಇಳಿದರೆ ಅವೆಲ್ಲ ಒಟ್ಟಿಗೇ ಹೋಗುತ್ತವೆ. ಕಂಪನಿ ಬೇರೆಯಾದರೆ ಸಾಲದು, ಗೋಪುರವೂ ಬೇರೆಯಾಗಿರಬೇಕು. ಹತ್ತಿರದ ಗೋಪುರಗಳು ಎಲ್ಲಿವೆ, ಯಾರ ಸೇವೆ ಅದರಲ್ಲಿದೆ ಎಂಬುದನ್ನು ದೂರಸಂಪರ್ಕ ಇಲಾಖೆಯ ತರಂಗ್ ಸಂಚಾರ್ ಜಾಲತಾಣದ ನಕ್ಷೆಯಲ್ಲಿ ನೋಡಬಹುದು. ಮುಂದಿನ ತಂಗುದಾಣ ಗೊತ್ತುಮಾಡುವ ಮುನ್ನ ನನ್ನ ಹೆಂಡತಿ ಇದನ್ನು ತೆರೆದೇ ತೆರೆಯುತ್ತಾಳೆ. ಪಾಠ ತಪ್ಪಿದರೆ ಪರೀಕ್ಷೆಯ ವರ್ಷದ ಮಕ್ಕಳಿಗೆ ನಷ್ಟ ಎಂಬ ಕಾಳಜಿ ಅವಳದು, ಅದರಲ್ಲಿ ರಾಜಿಯಿಲ್ಲ.

ಪ್ಯಾಕ್‌ನ ಲೆಕ್ಕ ಸರಳ. ವಿಡಿಯೊ ಪಾಠಕ್ಕೆ ಗಂಟೆಗೆ ಸುಮಾರು 1 ಜಿಬಿ ಹೋಗುತ್ತದೆ. ದಿನಕ್ಕೆ 1.5 ಜಿಬಿಯ ಪ್ಯಾಕ್ ಎರಡು ಗಂಟೆಯ ಪಾಠಕ್ಕೆ ಸಾಲದು, 2 ಜಿಬಿ ಅಂಚಿನಲ್ಲಿದೆ. ಮಿತಿ ಮುಗಿದ ಮೇಲೆ ಸಿಗುವ 64 ಕೆಬಿಪಿಎಸ್‌ನಲ್ಲಿ ಯುಪಿಐ ಪಾವತಿ ಕೂಡ ಏದುಸಿರು ಬಿಡುತ್ತದೆ. ಹಾಗಾಗಿ ಪಾಠ ಒಂದು ಸಿಮ್‌ನಲ್ಲಿ, ನನ್ನ ಕಡತಗಳು ಇನ್ನೊಂದರಲ್ಲಿ. ಮಕ್ಕಳಿಗೆ ಹೇಳಿ ಅವರ ಕ್ಯಾಮೆರಾ ಆಫ್ ಮಾಡಿಸಿ, ಬೋರ್ಡ್ ಮಾತ್ರ ತೋರಿಸಿದರೆ ಬಳಕೆ ಅರ್ಧಕ್ಕೂ ಕಡಿಮೆಯಾಗುತ್ತದೆ. ವೊಡಾಫೋನ್ ಐಡಿಯಾದ ಕೆಲವು ಪ್ಯಾಕ್‌ಗಳಲ್ಲಿ ಮಧ್ಯರಾತ್ರಿ 12ರ ನಂತರದ ಬಳಕೆ ಲೆಕ್ಕಕ್ಕೆ ಸೇರುವುದಿಲ್ಲ. ದೊಡ್ಡ ಪಿಡಿಎಫ್ ಕಳಿಸುವವರಿಗೆ ಅದು ವರ, ಆ ಹೊತ್ತಿನಲ್ಲಿ ಟವರ್ ಕೂಡ ಬಿಡುವಾಗಿರುತ್ತದೆ. 28 ದಿನದ ಪ್ಯಾಕ್ ಹಾಕಿಸಿದರೆ ವರ್ಷಕ್ಕೆ ಹನ್ನೆರಡಲ್ಲ, ಹದಿಮೂರು ರೀಚಾರ್ಜ್. ಪ್ರತಿ ತಿಂಗಳೂ ಅದೇ ತಾರೀಖಿಗೆ ಬರುವ ಪ್ಯಾಕ್ ಒಂದನ್ನಾದರೂ ಕೊಡಬೇಕೆಂದು ಟ್ರಾಯ್ 2022ರಲ್ಲೇ ಹೇಳಿದೆ, ಅದನ್ನು ಕೇಳಿ ನೋಡಿ. 84 ದಿನದ್ದು ದಿನದ ಲೆಕ್ಕದಲ್ಲಿ ಅಗ್ಗ. ಆದರೆ ಹೊಸ ಸಿಮ್‌ಗೆ ಅಷ್ಟು ಉದ್ದದ್ದನ್ನು ಹಾಕಿಸಬೇಡಿ. ಮೊದಲು ಚಿಕ್ಕ ಪ್ಯಾಕ್ ಹಾಕಿ, ನೀವು ನಿಲ್ಲುವ ಜಾಗಗಳಲ್ಲಿ ಸಂಜೆ ಏಳು ಗಂಟೆಗೆ ಪರೀಕ್ಷಿಸಿ. ಬೆಳಿಗ್ಗೆ ಹತ್ತರ ವೇಗ ಯಾರ ಉಪಯೋಗಕ್ಕೂ ಬಾರದು.

ರೈಲು ನಿಲ್ದಾಣಗಳಲ್ಲಿ ರೈಲ್‌ಟೆಲ್ ಕೊಡುವ ವೈಫೈ ದಿನದ ಮೊದಲ ಅರ್ಧ ಗಂಟೆ ಉಚಿತ, ಆಮೇಲೆ ಸಣ್ಣ ಮೊತ್ತ. ಫೋನಿನ ಅಪ್‌ಡೇಟ್‌ಗಳಿಗೆ ಬಳಸಿಕೊಳ್ಳಬಹುದು, ದುಡಿಮೆಗೆ ನೆಚ್ಚಿಕೊಳ್ಳುವಂಥದ್ದಲ್ಲ. ಟವರ್‌ನಿಂದ ಮನೆಗೆ ವೈಫೈ ಕೊಡುವ ಏರ್‌ಫೈಬರ್ ಹೆಸರಿನ ಸೇವೆಗಳು ವಿಳಾಸಕ್ಕೆ ಕಟ್ಟಿದವು, ಚಕ್ರದ ಮೇಲಿನ ಮನೆಗೆ ಒಗ್ಗುವುದಿಲ್ಲ.

ಸಿಮ್ ಒಪ್ಪಿಗೆಯಾಗದಿದ್ದರೆ ನಂಬರ್ ಉಳಿಸಿಕೊಂಡೇ ಕಂಪನಿ ಬದಲಿಸಬಹುದು. ಪೋರ್ಟ್ ಎಂದು ಇಂಗ್ಲಿಷಿನಲ್ಲಿ ಬರೆದು, ಜಾಗ ಬಿಟ್ಟು ನಿಮ್ಮ ನಂಬರ್ ಸೇರಿಸಿ 1900ಕ್ಕೆ ಎಸ್‌ಎಂಎಸ್ ಕಳಿಸಿದರೆ ಕೋಡ್ ಬರುತ್ತದೆ. ಈಗಿನ ಕಂಪನಿಯಲ್ಲಿ 90 ದಿನ ಕಳೆದಿರಬೇಕು, ರಾಜ್ಯದೊಳಗೆ ಮೂರು ಕೆಲಸದ ದಿನಗಳಲ್ಲಿ ಬದಲಾವಣೆ ಮುಗಿಯುತ್ತದೆ. ನಡುವೆ ಕೆಲವು ಗಂಟೆ ಆ ಸಿಮ್ ಸತ್ತಿರುವುದರಿಂದ ಪಾಠವಿರುವ ದಿನಕ್ಕೆ ಇದನ್ನು ಇಟ್ಟುಕೊಳ್ಳಬೇಡಿ, ಮತ್ತು ಎರಡೂ ಸಿಮ್‌ಗಳನ್ನು ಒಂದೇ ವಾರದಲ್ಲಿ ಪೋರ್ಟ್‌ಗೆ ಹಾಕಬೇಡಿ.